ಕೆಡವಿದವರೇ ಮತ್ತೆ ಕಟ್ಟಿಕೊಟ್ಟ ಪಬ್

2015ರ ಏಪ್ರಿಲ್ 8. ಲಂಡನ್ನಿನ ಕಿಲ್ಬರ್ನ್ ಬಳಿಯ ಒಂದು ಹಳೆಯ ಪಬ್ಬಿನ ಮುಂದೆ ಬುಲ್ಡೋಜರ್ ಬಂದು ನಿಂತಿತು. ಎರಡು ದಿನ ಮೊದಲು, ಈಸ್ಟರ್ ಸೋಮವಾರ, ದಾಸ್ತಾನು ಲೆಕ್ಕ ಮಾಡಬೇಕು, ಅಂಗಡಿ ಮುಚ್ಚಿ ಎಂದು ಪಬ್ ನಡೆಸುತ್ತಿದ್ದವರಿಗೆ ಮಾಲೀಕರ ಕಡೆಯಿಂದ ಸೂಚನೆ ಹೋಗಿತ್ತು. ಲೆಕ್ಕವೂ ಇಲ್ಲ, ಪತ್ರವೂ ಇಲ್ಲ; ಕಟ್ಟಡವೇ ನೆಲಕಚ್ಚಿತು.

ಆ ಪಬ್ಬಿನ ಹೆಸರು ಕಾರ್ಲ್‌ಟನ್ ಟ್ಯಾವರ್ನ್. ಮೊದಲ ಮಹಾಯುದ್ಧದಲ್ಲಿ, 1918ರಲ್ಲಿ, ಅದೇ ಜಾಗದಲ್ಲಿದ್ದ ಹಿಂದಿನ ಪಬ್ ಜರ್ಮನ್ ಬಾಂಬಿಗೆ ಬಲಿಯಾಗಿತ್ತು. ಚಾರಿಂಗ್ಟನ್ ಎಂಬ ಬಿಯರ್ ಕಂಪನಿ 1920-21ರಲ್ಲಿ ಹೊಸದನ್ನು ಕಟ್ಟಿಸಿತು. ಎರಡನೇ ಮಹಾಯುದ್ಧದ ಬಾಂಬ್ ದಾಳಿಯನ್ನು ಈ ಕಟ್ಟಡ ದಾಟಿ ಬಂತು. ಅದನ್ನು ಕೊಂಡ ಡೆವಲಪರ್ ಅಲ್ಲಿ ಹತ್ತು ಫ್ಲ್ಯಾಟ್ ಕಟ್ಟಲು ಅರ್ಜಿ ಹಾಕಿದ್ದರು. ವೆಸ್ಟ್‌ಮಿನ್‌ಸ್ಟರ್ ನಗರಾಡಳಿತ ಅದನ್ನು ತಿರಸ್ಕರಿಸಿತ್ತು. ಕಟ್ಟಡವನ್ನು ಎರಡನೇ ದರ್ಜೆಯ ಪಾರಂಪರಿಕ ಪಟ್ಟಿಗೆ ಸೇರಿಸುವ ಬಗ್ಗೆ ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆ ಪರಿಶೀಲನೆ ನಡೆಸುತ್ತಿತ್ತು. ಪಟ್ಟಿಗೆ ಸೇರಿಬಿಟ್ಟರೆ ಕೈ ಹಾಕಲಾಗದು ಎಂಬುದು ಯಾರಿಗೆ ತಾನೇ ತಿಳಿಯದು?

ಇಷ್ಟರವರೆಗಿನ ಕತೆ ಮುಂಬೈಯವರಿಗೂ ಪುಣೆಯವರಿಗೂ ಬಾಯಿಪಾಠ. ಮುಂದೆ ದಂಡ ಕಟ್ಟಿಸಿಕೊಂಡು ಫೈಲು ಮುಚ್ಚುತ್ತಾರೆ ಎಂದುಕೊಳ್ಳುತ್ತೀರಿ. ಆದರೆ ವೆಸ್ಟ್‌ಮಿನ್‌ಸ್ಟರ್ ಆಡಳಿತ ಹೊರಡಿಸಿದ ಆದೇಶ ಬೇರೆಯೇ: ಹೇಗಿತ್ತೋ ಹಾಗೆಯೇ, ಇಟ್ಟಿಗೆಗೆ ಇಟ್ಟಿಗೆ ಇಟ್ಟು, ಮತ್ತೆ ಕಟ್ಟಿಕೊಡಿ. ಕಂಪನಿ ಮೇಲ್ಮನವಿ ಹೋಯಿತು. 2016ರಲ್ಲಿ ಸಾರ್ವಜನಿಕ ವಿಚಾರಣೆ ನಡೆದು ಆದೇಶವೇ ಗಟ್ಟಿಯಾಯಿತು. 2021ರ ಏಪ್ರಿಲ್‌ನಲ್ಲಿ ಪಬ್ಬಿನ ಬಾಗಿಲು ಮತ್ತೆ ತೆರೆಯಿತು.

ಹಳೆಯ ಕಟ್ಟಡಗಳ ಅಳತೆ ತೆಗೆಯುವುದೇ ಹೊಟ್ಟೆಪಾಡಾಗಿರುವ ನನಗೆ ಇದರಲ್ಲಿ ಕಾನೂನಿಗಿಂತ ದೊಡ್ಡದಾಗಿ ಕಾಣುವುದು ಇನ್ನೊಂದು ಸಂಗತಿ. ಏನೋ ನಡೆಯಲಿದೆ ಎಂಬ ಅನುಮಾನ ಸ್ಥಳೀಯರಿಗೆ ಮೊದಲೇ ಬಂದಿತ್ತು. ಅವರ ಒತ್ತಾಯದಿಂದ ಹೊರಗೋಡೆಯ ಟೈಲ್‌ಗಳ ಅಚ್ಚು ತೆಗೆದು, ಒಳಗಿನ ಮೂಲೆಮೂಲೆಯ ಫೋಟೊ ಹಿಡಿದು ಇಡಲಾಗಿತ್ತು. ಅದು ಇಲ್ಲದಿದ್ದರೆ ‘ಇದ್ದ ಹಾಗೆಯೇ ಕಟ್ಟಿ’ ಎಂಬ ಆದೇಶಕ್ಕೆ ‘ಹೇಗಿತ್ತೋ ಗೊತ್ತಿಲ್ಲ ಸ್ವಾಮಿ’ ಎಂದರೆ ಮುಗಿಯುತ್ತಿತ್ತು.

ಒಂದು ಪಬ್ಬಿನಲ್ಲಿ ಅಷ್ಟೆಲ್ಲ ದಾಖಲಿಸಲು ಏನಿರುತ್ತದೆ? ಬಹಳ ಇದೆ. ಇಂಗ್ಲೆಂಡಿನ ಹಳೆಯ ಪಬ್ಬುಗಳು ಹೆಚ್ಚಾಗಿ ಎರಡು ಬೀದಿ ಕೂಡುವ ಮೂಲೆ ಹಿಡಿದವು. ಎರಡೂ ಕಡೆಯಿಂದ ಬರುವವರಿಗೆ ಕಾಣಬೇಕಲ್ಲ! ಮೂಲೆಯನ್ನು ಓರೆಯಾಗಿ ಕತ್ತರಿಸಿ ಅಲ್ಲೊಂದು ಬಾಗಿಲು, ಪಕ್ಕದ ಬೀದಿಗೆ ಇನ್ನೊಂದು. ಬಾಗಿಲು ಹಲವಿದ್ದುದಕ್ಕೆ ಕಾರಣವಿತ್ತು. ಕೂಲಿಕಾರರು ಕುಡಿಯುವ ಕೋಣೆ ಬೇರೆ, ತುಸು ಹೆಚ್ಚು ಕಾಸು ಕೊಟ್ಟು ಮೆತ್ತನೆಯ ಸೀಟಿನಲ್ಲಿ ಕೂರುವವರ ಕೋಣೆ ಬೇರೆ; ನಡುವೆ ಒಂದೇ ಕೌಂಟರ್, ಎರಡೂ ಕಡೆಗೆ ಒಬ್ಬರೇ ಬಡಿಸುತ್ತಿದ್ದರು. ಕಿಟಕಿಗೆ ಮಂಜು ಗಾಜು, ಒಳಗೆ ಕೂತವರು ಬೀದಿಗೆ ಕಾಣದಿರಲಿ ಎಂದು. ಕೆಳಮಹಡಿಗೆ ಹೊಳಪಿನ ಟೈಲ್, ಏಕೆಂದರೆ ಲಂಡನ್ನಿನ ಕಲ್ಲಿದ್ದಲ ಮಸಿಯನ್ನು ಒಂದು ಬಕೆಟ್ ನೀರಿನಲ್ಲಿ ತೊಳೆಯಬಹುದಿತ್ತು. ಬಿಯರ್ ಕಂಪನಿಯ ಹೆಸರೂ ಆ ಟೈಲಿನಲ್ಲೇ ಸುಟ್ಟು ಮೂಡಿರುತ್ತಿತ್ತು. ಗೋಡೆಯೇ ಬೋರ್ಡು.

ಮುಂಬೈಯಲ್ಲಿ ಈ ಮೂಲೆಯ ಕೆಲಸ ಮಾಡಿದ್ದು ಇರಾನಿ ಹೋಟೆಲುಗಳು. ಮೂಲೆ ಅಂಗಡಿ ಅಶುಭವೆಂದು ಬೇರೆ ವರ್ತಕರು ಬಿಟ್ಟದ್ದನ್ನು ಇರಾನಿಗಳು ಹಿಡಿದರು ಎಂಬ ಮಾತಿದೆ. ನಿಜವೋ ಸುಳ್ಳೋ, ಎರಡು ಬೀದಿಗೆ ತೆರೆದ ಆ ಜಾಗ, ಕಡೆದ ಕಾಲಿನ ಮೇಜಿನ ಮೇಲೆ ಅಮೃತಶಿಲೆ, ಬಾಗಿಸಿದ ಮರದ ಕುರ್ಚಿ, ಗೋಡೆ ತುಂಬ ಕನ್ನಡಿ, ಗಲ್ಲಾದ ಮೇಲೆ ಗಾಜಿನ ಭರಣಿ ಎಲ್ಲ ಸೇರಿ ಊರಿನ ಒಂದು ಗುರುತಾದವು. ಇರಾನಿಗಳ ಮುಂದಿನ ತಲೆಮಾರಿಗೆ ಹೋಟೆಲು ಬೇಡವಾದಾಗ ಅನೇಕ ಕಡೆ ಗಲ್ಲಾ ಹಿಡಿದವರು ನಮ್ಮವರೇ, ಉಡುಪಿ-ಮಂಗಳೂರು ಕಡೆಯ ಶೆಟ್ಟರು. ಪಾನನಿಷೇಧದ ಕಟ್ಟು ಸಡಿಲವಾದಂತೆ ಚಹಾದ ಜಾಗಕ್ಕೆ ಬಿಯರ್ ಬಂತು, ಬೋರ್ಡಿನಲ್ಲಿ ‘ಪರ್ಮಿಟ್ ರೂಮ್’ ಬಂತು. 1949ರ ಮದ್ಯನಿಷೇಧ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ಕುಡಿಯುವವರ ಕೈಯಲ್ಲಿ ಪರ್ಮಿಟ್ ಇರಬೇಕೆಂಬುದು ಅದರಿಂದಲೇ. ಒಳಗೆ ನೀರುಳ್ಳಿ ಬಜೆಯೂ ತುಳು ಮಾತೂ. ಲಂಡನ್ನಿನ ಪಬ್ಬಿಗೆ ಸಾಟಿಯಾದದ್ದು ಈ ಊರಲ್ಲಿದ್ದರೆ ಇದೇ ಎಂಬುದು ನನ್ನ ಎಣಿಕೆ. ಈಗಿನ ಮಾಲ್‌ಗಳಲ್ಲಿರುವ ‘ಪಬ್’ ಖಂಡಿತ ಅಲ್ಲ.

ರಕ್ಷಣೆಯ ಕಾನೂನು ನಮಗೂ ಇದೆ. ಪಾರಂಪರಿಕ ಕಟ್ಟಡಗಳ ನಿಯಮವನ್ನು ಮುಂಬೈ 1995ರಲ್ಲೇ ತಂದಿತು, ದೇಶದಲ್ಲಿ ಮೊದಲಿಗೆ. ಆದರೆ ಪಟ್ಟಿ ಕಾಯುವುದು ಕಟ್ಟಡವನ್ನು, ಒಳಗೆ ನಡೆಯುವುದನ್ನಲ್ಲ. ಕೆಳಗಿನ ಹೋಟೆಲು ಮೊಬೈಲ್ ಶೋರೂಮಾದರೆ ಕಮಾನು ಉಳಿದರೂ ಮೂಲೆ ಹೋಯಿತು. ಪಟ್ಟಿಯಲ್ಲೇ ಇಲ್ಲದ ಕಟ್ಟಡಗಳ ಪಾಡು ಇನ್ನೂ ಸರಳ. ಹಳೆ ಬಾಡಿಗೆ, ಸೋರುವ ಮಾಡು, ಪುನರ್ನಿರ್ಮಾಣಕ್ಕೆ ಹೆಚ್ಚುವರಿ ಎಫ್‌ಎಸ್‌ಐ. ಮೇಲಿನ ಬಾಡಿಗೆದಾರರಿಗೆ ಒಳ್ಳೆಯ ಮನೆ ಸಿಗುತ್ತದೆ, ಅದನ್ನು ಬೇಡವೆನ್ನಲು ನಾನ್ಯಾರು? ಕೆಳಗಿನ ಹೋಟೆಲಿಗೂ ಅಷ್ಟೇ ಚದರಡಿ ಸಿಗುತ್ತದೆ. ಆದರೆ ಹೊಸ ಟವರು ರಸ್ತೆಯಿಂದ ಹಿಂದಕ್ಕೆ ಸರಿದು, ಕಾಂಪೌಂಡು ಎಬ್ಬಿಸಿ ನಿಲ್ಲುತ್ತದೆ. ಎರಡು ಬೀದಿಗೆ ಬಾಗಿಲು ತೆರೆಯುವ ಮಾತು ಎಲ್ಲಿ ಬಂತು?

ಇಂಗ್ಲೆಂಡಿನಲ್ಲಿ 2017ರಿಂದ ಪಬ್ ಕೆಡವಲೂ ಬೇರೆ ಬಳಕೆಗೆ ಬದಲಿಸಲೂ ಪೂರ್ವಾನುಮತಿ ಬೇಕು. ‘ಸಮುದಾಯಕ್ಕೆ ಬೇಕಾದ ಆಸ್ತಿ’ ಎಂದು ಊರವರು ನೋಂದಾಯಿಸಿದ ಪಬ್ಬನ್ನು ಮಾರಲು ಹೊರಟರೆ, ಅವರು ಹಣ ಹೊಂದಿಸಿಕೊಳ್ಳಲು ಆರು ತಿಂಗಳ ತಡೆ ಸಿಗುತ್ತದೆ. ಅಂಥ ಕಾನೂನು ಇಲ್ಲಿಗೆ ಬರುವವರೆಗೆ ಕಾಯಬೇಕಿಲ್ಲ. ದಾಖಲೆಯ ಕೆಲಸಕ್ಕೆ ಒಂದು ಟೇಪು, ಒಂದು ಮೊಬೈಲು, ಗಿರಾಕಿ ಇಲ್ಲದ ಮಧ್ಯಾಹ್ನದ ಮೂರು ಗಂಟೆ ಸಾಕು. ನೆಲದ ಟೈಲಿನ ವಿನ್ಯಾಸ, ಕೌಂಟರಿನ ಎತ್ತರ, ಓರೆ ಬಾಗಿಲಿನ ಅಗಲ, ಅಟ್ಟದ ಏಣಿ. ನಿಮ್ಮ ಮಾವನೋ ದೊಡ್ಡಪ್ಪನೋ ದಾದರಿನಲ್ಲೋ ಫೋರ್ಟಿನಲ್ಲೋ ಇಂಥದ್ದೊಂದು ನಡೆಸಿದ್ದರೆ ಮೊದಲು ಗಲ್ಲಾದ ಕೆಳಗಿನ ಕಪಾಟು ನೋಡಿ. ಪರ್ಮಿಟ್ ರೂಮಿನ ಲೈಸೆನ್ಸಿಗಾಗಿ ಅಬಕಾರಿ ಇಲಾಖೆಗೆ ಕೊಟ್ಟ ನಕಾಶೆಯ ಪ್ರತಿ, ಮಡಚಿದ ನೀಲಿ ಕಾಗದ, ಅಲ್ಲಿ ಇದ್ದರೂ ಇರಬಹುದು.