ಗಣಕಯಂತ್ರಗಳ ಪಾಲನೆ

ಮನುಷ್ಯನು ನಿರ್ಮಿಸಿಕೊಂಡ ಯಾವ ಸಾಧನವೂ ಒಮ್ಮೆ ಮಾಡಿ ಮುಗಿಸಿ ಮರೆತುಬಿಡುವಂಥದಲ್ಲ. ಚಕ್ಕಡಿಯ ಅಚ್ಚಿಗೆ ಆಗಾಗ ಎಣ್ಣೆ ಹಾಕಬೇಕು. ಕುಂಟೆಯ ಕುಡವನ್ನು ಕಮ್ಮಾರನಲ್ಲಿ ಹಣಿಸಬೇಕು. ಮಾಳಿಗೆಯ ಮನೆಗೆ ಮಳೆಗಾಲಕ್ಕೆ ಮೊದಲೇ ಮಣ್ಣು ಹಾಕಬೇಕು. ಗದಗ ಜಿಲ್ಲೆಯ ರೋಣ ತಾಲ್ಲೂಕಿನಲ್ಲಿರುವ ಯಾವಗಲ್ ಎರೆನೆಲದ ಊರು. ಎರೆಹೊಲದ ರೈತನಿಗೆ ಒಡ್ಡಿನ ಬೆಲೆ ಚೆನ್ನಾಗಿ ತಿಳಿದಿರುತ್ತದೆ. ಮೇಲಿನ ಹೊಲದ ಒಡ್ಡಿನಲ್ಲಿ ಬಿದ್ದ ಚಿಕ್ಕ ಕಿಂಡಿಯನ್ನು ಬೇಸಗೆಯಲ್ಲಿ ಮುಚ್ಚದಿದ್ದರೆ, ದೊಡ್ಡ ಮಳೆ ಬಂದಾಗ ನೀರು ಆ ಹೊಲವೊಂದನ್ನೇ ಕೆಡಿಸಿ ಸುಮ್ಮನಾಗುವುದಿಲ್ಲ. ಕೆಳಗಿನ ಹೊಲಗಳ ಒಡ್ಡುಗಳನ್ನೂ ಕೊಚ್ಚಿಕೊಂಡು ಹೋಗುತ್ತದೆ. ಒಡ್ಡನ್ನು ಕಟ್ಟುವವನು ಒಬ್ಬನೇ ಆದರೂ ಅದರ ಲಾಭನಷ್ಟಗಳು ನೆರೆಹೊರೆಯವರೆಲ್ಲರಿಗೂ ಸೇರಿದವು.

ಈ ಮಾತು ನಮ್ಮ ಕಾಲದ ಗಣಕಯಂತ್ರಗಳಿಗೂ ಒಪ್ಪುತ್ತದೆ. ಒಂದು ಕಚೇರಿಯಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ನೂರಾರು ಗಣಕಗಳು ಒಂದೇ ಜಾಲದಲ್ಲಿ ಸೇರಿಕೊಂಡು ಕೆಲಸ ಮಾಡುತ್ತವೆ. ಅವನ್ನು ಕಾಲಕಾಲಕ್ಕೆ ಪರಿಷ್ಕರಿಸುವುದು ಹೇಗೆ, ಆ ಕೆಲಸದಲ್ಲಿ ತಡಮಾಡಿದರೆ ಏನಾಗುತ್ತದೆ, ಆತುರಪಟ್ಟರೆ ಏನಾಗುತ್ತದೆ ಎಂಬುದನ್ನು ತಿಳಿಯುವುದು ಈ ಪಾಠದ ಉದ್ದೇಶ.

ಗಣಕದ ಪಾಲನೆ ಹಳ್ಳಿಯವರಿಗೆ ಸಂಬಂಧಿಸಿದ ವಿಷಯವಲ್ಲವೆಂದು ಯಾರೂ ತಿಳಿಯಬಾರದು. ಹೊಲದ ಹಕ್ಕು, ವಿಸ್ತೀರ್ಣ, ಬೆಳೆಗಳ ವಿವರ ಇರುವ ಪಹಣಿಯನ್ನು ನಮ್ಮ ಸೀಮೆಯಲ್ಲಿ ‘ಉತಾರ’ ಎಂದು ಕರೆಯುವುದು ವಾಡಿಕೆ. ಹಿಂದೆ ಈ ದಾಖಲೆಗಳು ಗ್ರಾಮ ಲೆಕ್ಕಿಗರ ಕೈಬರಹದಲ್ಲಿ ಇರುತ್ತಿದ್ದವು. 2001ರ ವೇಳೆಗೆ ಕರ್ನಾಟಕ ಸರಕಾರದ ‘ಭೂಮಿ’ ಯೋಜನೆಯು ಸುಮಾರು 67 ಲಕ್ಷ ಭೂಮಾಲೀಕರಿಗೆ ಸಂಬಂಧಿಸಿದ ಸುಮಾರು 2 ಕೋಟಿ ದಾಖಲೆಗಳನ್ನು ಗಣಕಕ್ಕೆ ಏರಿಸಿತು. ಇಂದು ಯಾವಗಲ್ಲಿನ ರೈತನೊಬ್ಬನಿಗೆ ಬೆಳೆಸಾಲ ಬೇಕಾದರೆ, ಬೆಳೆವಿಮೆಯ ಕಂತು ಕಟ್ಟಬೇಕಾದರೆ, ಅವನ ಕೈಗೆ ಬರುವ ಪಹಣಿ ಗಣಕದಿಂದಲೇ ಮುದ್ರಿತವಾಗಿ ಬರಬೇಕು. ವಿಮೆಯ ಕೊನೆಯ ದಿನದಂದು ಕಚೇರಿಯ ಗಣಕಗಳು ಸ್ತಬ್ಧವಾದರೆ ಅವನ ಒಂದು ವರ್ಷದ ಬೆಳೆಗೆ ರಕ್ಷಣೆ ತಪ್ಪಬಹುದು. ಕಣ್ಣಿಗೆ ಕಾಣದ ಒಂದು ಕೆಲಸದ ಮೇಲೆ ಎಷ್ಟೊಂದು ಜನರ ಬದುಕು ನಿಂತಿದೆ ಎಂಬುದು ಇದರಿಂದ ತಿಳಿಯುತ್ತದೆ.

ಗಣಕಯಂತ್ರದ ಲೋಹ, ತಂತಿ, ಫಲಕಗಳು ತಾವಾಗಿಯೇ ಏನನ್ನೂ ಮಾಡಲಾರವು. ಅವುಗಳಿಂದ ಕೆಲಸ ಮಾಡಿಸುವ ಆಜ್ಞೆಗಳ ಸಮೂಹಕ್ಕೆ ತಂತ್ರಾಂಶವೆಂದು ಹೆಸರು. ತಂತ್ರಾಂಶಗಳಲ್ಲೆಲ್ಲ ಮೂಲವಾದುದು ಆಪರೇಟಿಂಗ್ ಸಿಸ್ಟಂ; ಇದನ್ನು ಕನ್ನಡದಲ್ಲಿ ಕಾರ್ಯಾಚರಣ ವ್ಯವಸ್ಥೆ ಎನ್ನಬಹುದು. ಕೀಲಿಮಣೆಯಲ್ಲಿ ಒತ್ತಿದ ಅಕ್ಷರವನ್ನು ಗ್ರಹಿಸುವುದು, ಕಡತಗಳನ್ನು ಜೋಪಾನವಾಗಿಡುವುದು, ಮುದ್ರಕಕ್ಕೆ ಕೆಲಸ ಒಪ್ಪಿಸುವುದು, ಯಾರಿಗೆ ಯಾವ ಕಡತ ನೋಡುವ ಅಧಿಕಾರವಿದೆಯೆಂದು ಕಾಯುವುದು, ಇವೆಲ್ಲ ಅದರ ಕೆಲಸ. ವಿಂಡೋಸ್, ಲಿನಕ್ಸ್ ಎಂಬವು ಇಂಥ ವ್ಯವಸ್ಥೆಗಳು.

ಕೋಟ್ಯಂತರ ಸಾಲುಗಳ ಆಜ್ಞೆಗಳಿಂದಾದ ಈ ವ್ಯವಸ್ಥೆಯನ್ನು ಎಷ್ಟೇ ಜಾಣರು ರಚಿಸಿದರೂ ಅದರಲ್ಲಿ ಲೋಪಗಳು ಉಳಿದೇ ಉಳಿಯುತ್ತವೆ. ಕೆಲವು ಲೋಪಗಳು ನಿರುಪದ್ರವಿಗಳು. ಮತ್ತೆ ಕೆಲವು, ಕಳ್ಳನು ಒಳನುಗ್ಗಲು ಅನುಕೂಲವಾದ ಹಿತ್ತಿಲ ಬಾಗಿಲಿನಂಥವು. ಲೋಪ ಗೊತ್ತಾದಾಗ ಅದನ್ನು ತಯಾರಿಸಿದವರು ತಿದ್ದುಪಡಿಯನ್ನು ಸಿದ್ಧಪಡಿಸಿ ಬಿಡುಗಡೆ ಮಾಡುತ್ತಾರೆ. ಇದೇ ಅಪ್‌ಡೇಟ್ ಅಥವಾ ಪರಿಷ್ಕರಣ. ಮೈಕ್ರೋಸಾಫ್ಟ್ ಸಂಸ್ಥೆಯು 2003ರ ಅಕ್ಟೋಬರಿನಿಂದ ಪ್ರತಿ ತಿಂಗಳ ಎರಡನೆಯ ಮಂಗಳವಾರ ಇಂಥ ತಿದ್ದುಪಡಿಗಳನ್ನು ಒಟ್ಟಾಗಿ ಹೊರಡಿಸುವ ಪದ್ಧತಿಯನ್ನು ಇಟ್ಟುಕೊಂಡಿದೆ. ದಿನ ಮೊದಲೇ ಗೊತ್ತಿರುವುದರಿಂದ ಸಂಸ್ಥೆಗಳು ಸಿದ್ಧವಾಗಿರಲು ಅವಕಾಶವಾಗುತ್ತದೆ. ಆದರೆ ಇಲ್ಲಿ ಒಂದು ಅಪಾಯವೂ ಉಂಟು. ತಿದ್ದುಪಡಿ ಹೊರಬಿದ್ದೊಡನೆ ಲೋಪ ಎಲ್ಲಿತ್ತೆಂಬುದು ಕಳ್ಳರಿಗೂ ತಿಳಿದುಹೋಗುತ್ತದೆ. ಆ ಕ್ಷಣದಿಂದ ಬಾಗಿಲು ಮುಚ್ಚುವವನಿಗೂ ಅದನ್ನು ಹುಡುಕಿ ಬರುವವನಿಗೂ ಪೈಪೋಟಿ ಆರಂಭವಾಗುತ್ತದೆ.

ತಡಮಾಡಿದರೆ ಏನಾಗುತ್ತದೆ ಎಂಬುದಕ್ಕೆ 2017ರ ಘಟನೆ ಒಳ್ಳೆಯ ನಿದರ್ಶನ. ಗಣಕಗಳು ಪರಸ್ಪರ ಕಡತ ಹಂಚಿಕೊಳ್ಳುವ ಏರ್ಪಾಡಿನಲ್ಲಿದ್ದ ಒಂದು ಲೋಪಕ್ಕೆ ಮೈಕ್ರೋಸಾಫ್ಟ್ ಆ ವರ್ಷದ ಮಾರ್ಚ್ 14ರಂದು ತಿದ್ದುಪಡಿ ನೀಡಿತು. ಎರಡು ತಿಂಗಳು ಕಳೆಯುವ ಹೊತ್ತಿಗೆ, ಮೇ 12ರಂದು, ‘ವಾನಾಕ್ರೈ’ ಎಂಬ ದುಷ್ಟ ತಂತ್ರಾಂಶ ಅದೇ ಲೋಪದ ಮೂಲಕ ನುಗ್ಗಿತು. ಅದು ಗಣಕದೊಳಗಿನ ಕಡತಗಳಿಗೆಲ್ಲ ಬೀಗ ಹಾಕಿ, ಬಿಡಿಸಬೇಕಾದರೆ ಹಣ ಕೊಡಿ ಎಂದು ಕೇಳುತ್ತಿತ್ತು. ಯಾರೂ ಏನನ್ನೂ ಒತ್ತದಿದ್ದರೂ ಒಂದು ಗಣಕದಿಂದ ಮತ್ತೊಂದಕ್ಕೆ ತಾನಾಗಿಯೇ ಹಬ್ಬುವ ಶಕ್ತಿ ಅದಕ್ಕಿತ್ತು. ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಗಣಕಗಳು ಇದರ ಪಾಲಾದವು. ಇಂಗ್ಲೆಂಡಿನ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ಭೇಟಿಗಳೂ ಶಸ್ತ್ರಚಿಕಿತ್ಸೆಗಳೂ ರದ್ದಾದವು. ನಮ್ಮ ನೆರೆಯ ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಗಣಕಗಳಿಗೂ ಈ ಪೀಡೆ ತಗಲಿತು. ಇಂಗ್ಲೆಂಡಿನಲ್ಲಿ ಮುಂದೆ ವಿಚಾರಣೆ ನಡೆದಾಗ, ಸೋಂಕಿಗೆ ಗುರಿಯಾದ ಆಸ್ಪತ್ರೆಗಳಲ್ಲಿ ಗಣಕಗಳ ಪರಿಷ್ಕರಣವಾಗಿರಲಿಲ್ಲ, ಅಥವಾ ಅಲ್ಲಿದ್ದುದು ತಯಾರಕರು ಪೋಷಣೆ ನಿಲ್ಲಿಸಿದ ಹಳೆಯ ವ್ಯವಸ್ಥೆ ಎಂಬುದು ಬೆಳಕಿಗೆ ಬಂತು. ಔಷಧ ಮನೆಯಲ್ಲಿದ್ದರೂ ಕುಡಿಯದೆ ಕಾಯಿಲೆ ಬಿದ್ದಂತಾಯಿತು. ‘ನಾಳೆ ಎಂದವನ ಮನೆ ಹಾಳು’ ಎಂಬ ಗಾದೆಯನ್ನು ಇಲ್ಲಿ ನೆನೆಯಬಹುದು.

ಹಾಗಾದರೆ ಪರಿಷ್ಕರಣ ಬಂದೊಡನೆ ಎಲ್ಲ ಗಣಕಗಳಿಗೂ ಒಂದೇ ಸಲಕ್ಕೆ ಹಾಕಿಬಿಟ್ಟರಾಯಿತಲ್ಲವೆ ಎಂದು ನೀವು ಕೇಳಬಹುದು. ಈ ಪ್ರಶ್ನೆಗೆ 2024ರ ಜುಲೈ 19ರ ಘಟನೆ ಉತ್ತರ ಹೇಳುತ್ತದೆ. ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಸಂಸ್ಥೆ ಗಣಕಗಳನ್ನು ಕಳ್ಳರಿಂದ ಕಾಯುವ ಒಂದು ತಂತ್ರಾಂಶವನ್ನು ನಡೆಸುತ್ತದೆ. ಅದು ವಿಂಡೋಸ್ ವ್ಯವಸ್ಥೆಯ ತೀರ ಒಳಗೆ ನೆಲಸಿ ಕೆಲಸ ಮಾಡುವಂಥದು. ಅಂದು ಭಾರತೀಯ ಕಾಲಮಾನದಂತೆ ಬೆಳಗಿನ 9 ಗಂಟೆ 39 ನಿಮಿಷಕ್ಕೆ ಆ ಸಂಸ್ಥೆ ಹೊರಡಿಸಿದ ಒಂದು ಚಿಕ್ಕ ಪರಿಷ್ಕರಣದ ಕಡತದಲ್ಲಿ ದೋಷವಿತ್ತು. ಅದು ಹಂತಹಂತವಾಗಿ ಹೋಗದೆ ಲೋಕದ ಎಲ್ಲ ಗ್ರಾಹಕರಿಗೂ ಏಕಕಾಲಕ್ಕೆ ಹೋಯಿತು. 78 ನಿಮಿಷಗಳಲ್ಲಿ ಅದನ್ನು ಹಿಂದೆಗೆದುಕೊಂಡರೂ ಅಷ್ಟರಲ್ಲಿ ಸುಮಾರು 85 ಲಕ್ಷ ಗಣಕಗಳು ನೀಲಿ ಪರದೆ ತೋರಿಸಿ ನಿಂತುಬಿಟ್ಟಿದ್ದವು. ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನನಿಲ್ದಾಣದಲ್ಲಿಯೂ ಪ್ರಯಾಣಿಕರು ಉದ್ದುದ್ದ ಸಾಲುಗಳಲ್ಲಿ ಕಾದು ನಿಲ್ಲಬೇಕಾಯಿತು. ದೇಶದ ಹಲವು ಕಡೆ ಸಿಬ್ಬಂದಿಯವರು ಪ್ರಯಾಣದ ಚೀಟಿಗಳನ್ನು ಕೈಯಿಂದಲೇ ಬರೆದುಕೊಟ್ಟರು. ಕೆಟ್ಟುನಿಂತ ಯಂತ್ರ ಮತ್ತೆ ಚಾಲೂ ಆಗದಿದ್ದುದರಿಂದ ದೂರದಿಂದ ಸರಿಪಡಿಸುವುದೂ ಬಹಳ ಕಡೆ ಸಾಧ್ಯವಾಗಲಿಲ್ಲ. ಒಂದೊಂದು ಗಣಕದ ಎದುರಿಗೂ ಒಬ್ಬೊಬ್ಬರು ಕುಳಿತು ದೋಷದ ಕಡತವನ್ನು ಅಳಿಸಬೇಕಾಯಿತು. ‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂಬ ಮಾತೂ ಸುಳ್ಳಲ್ಲ.

ಈ ಎರಡು ಘಟನೆಗಳ ನಡುವೆಯೇ ಪಾಲನೆಯ ದಾರಿ ಇದೆ. ತಡವೂ ಆಗದೆ ದುಡುಕೂ ಆಗದೆ ಆ ದಾರಿಯಲ್ಲಿ ನಡೆಯಲು ಅನುಭವಿಗಳು ಒಂದು ಕ್ರಮವನ್ನು ಕಂಡುಕೊಂಡಿದ್ದಾರೆ.

ಮೊದಲನೆಯದು ಯಾದಿ. ಸಂಸ್ಥೆಯಲ್ಲಿ ಎಷ್ಟು ಗಣಕಗಳಿವೆ, ಅವು ಎಲ್ಲೆಲ್ಲಿವೆ, ಯಾವ ವ್ಯವಸ್ಥೆಯ ಯಾವ ಆವೃತ್ತಿ ಅವುಗಳಲ್ಲಿದೆ ಎಂಬುದು ಬರೆದಿರಬೇಕು. ಯಾದಿಯಲ್ಲಿ ಇಲ್ಲದ ಗಣಕವನ್ನು ಯಾರೂ ಪರಿಷ್ಕರಿಸುವುದಿಲ್ಲ. ಮೂಲೆಯಲ್ಲಿ ಮರೆತುಹೋದ ಆ ಒಂದೇ ಯಂತ್ರ ಜಾಲಕ್ಕೆಲ್ಲ ಕಿಂಡಿಯಾಗುತ್ತದೆ.

ಎರಡನೆಯದು ಕೇಂದ್ರ ಸಂಗ್ರಹ. ಸಾವಿರ ಗಣಕಗಳು ತಾವುತಾವೇ ಹೊರಗಿನಿಂದ ಪರಿಷ್ಕರಣವನ್ನು ತರಿಸಿಕೊಳ್ಳಹೊರಟರೆ ಸಂಪರ್ಕದ ಹಾದಿ ಕಿಕ್ಕಿರಿಯುತ್ತದೆ. ಅದರ ಬದಲು ಸರ್ವರ್ ಎಂಬ ಒಂದು ಹಿರಿಯ ಗಣಕವು ಅದನ್ನು ಒಮ್ಮೆ ಮಾತ್ರ ತರಿಸಿಕೊಂಡು, ನಿರ್ವಾಹಕನು ಒಪ್ಪಿಗೆ ಕೊಟ್ಟ ಮೇಲೆ ಉಳಿದವುಗಳಿಗೆ ಹಂಚುತ್ತದೆ. ಬಂದ ಪರಿಷ್ಕರಣ ನಿಜವಾಗಿ ತಯಾರಕರದೇ ಹೌದೆ ಎಂಬುದನ್ನು ಅದರ ಮೇಲಿನ ಡಿಜಿಟಲ್ ಸಹಿಯಿಂದ ಗಣಕಗಳು ಪರೀಕ್ಷಿಸಿಕೊಳ್ಳುತ್ತವೆ.

ಮೂರನೆಯದು ಹಂತಗಳು. ಹೊಸ ಬೀಜವನ್ನು ಜಾಣ ರೈತನು ಹೊಲಕ್ಕೆಲ್ಲ ಬಿತ್ತದೆ ಮೊದಲು ಒಂದು ಪಟ್ಟಿಯಲ್ಲಿ ಬಿತ್ತಿ ನೋಡುತ್ತಾನೆ. ಹಾಗೆಯೇ ಸಾವಿರ ಗಣಕಗಳಿದ್ದರೆ ಮೊದಲು ಹತ್ತಕ್ಕೆ ಹಾಕಿ ಒಂದೆರಡು ದಿನ ನೋಡಬೇಕು. ಈ ಹತ್ತರಲ್ಲಿ ಎಲ್ಲ ಬಗೆಯ ಕೆಲಸದವರ ಗಣಕಗಳೂ ಇರಬೇಕು. ಮುದ್ರಣ ನಡೆಯುತ್ತದೆಯೆ? ಕನ್ನಡ ಅಕ್ಷರಗಳು ಸರಿಯಾಗಿ ಮೂಡುತ್ತವೆಯೆ? ಲೆಕ್ಕದ ತಂತ್ರಾಂಶ ತೆರೆಯುತ್ತದೆಯೆ? ತೊಂದರೆ ಕಾಣದಿದ್ದರೆ ನೂರಕ್ಕೆ, ಆಮೇಲೆ ಉಳಿದವುಗಳಿಗೆ ಹಾಕಬೇಕು. ಲೋಪ ಬಹಳ ಅಪಾಯಕರವಾಗಿದ್ದು ಕಳ್ಳರು ಆಗಲೇ ಅದನ್ನು ಬಳಸತೊಡಗಿದ್ದರೆ ಈ ಹಂತಗಳ ನಡುವಣ ಅವಧಿಯನ್ನು ದಿನಗಳಿಂದ ಗಂಟೆಗಳಿಗೆ ಇಳಿಸಬೇಕಾಗುತ್ತದೆ. ನಮ್ಮ ದೇಶದಲ್ಲಿ 2004ರಲ್ಲಿ ಆರಂಭವಾದ ‘ಸರ್ಟ್–ಇನ್’ ಎಂಬ ಕೇಂದ್ರ ಸರಕಾರದ ಸಂಸ್ಥೆ ಇಂಥ ಅಪಾಯಗಳ ಬಗೆಗೆ ಎಚ್ಚರಿಕೆಗಳನ್ನು ಪ್ರಕಟಿಸುತ್ತದೆ.

ನಾಲ್ಕನೆಯದು ಹೊತ್ತು. ಪರಿಷ್ಕರಣವಾದ ಮೇಲೆ ಗಣಕವನ್ನು ಸಾಮಾನ್ಯವಾಗಿ ಆರಿಸಿ ಮತ್ತೆ ಹೊತ್ತಿಸಬೇಕಾಗುತ್ತದೆ. ಜನರು ಸಾಲುಗಟ್ಟಿ ನಿಂತಿರುವಾಗ ಇದನ್ನು ಮಾಡಬಾರದು. ಸಂಜೆಯ ಮೇಲೆ ಮಾಡಬೇಕು. ಆಗಲೂ ವಿದ್ಯುತ್ತಿನ ಕಡೆ ಗಮನವಿರಬೇಕು. ಕೆಲಸ ಅರ್ಧವಾಗಿರುವಾಗ ವಿದ್ಯುತ್ ಹೋದರೆ ಗಣಕ ಮತ್ತೆ ಏಳದೆ ಹೋಗಬಹುದು. ಇದಕ್ಕಾಗಿ ಬ್ಯಾಟರಿಯ ಆಸರೆಯೂ, ಮುಖ್ಯ ಕಡತಗಳ ಬೇರೊಂದು ಪ್ರತಿಯೂ, ಹಿಂದಿನ ಸ್ಥಿತಿಗೆ ಮರಳುವ ಉಪಾಯವೂ ಮೊದಲೇ ಸಿದ್ಧವಾಗಿರಬೇಕು.

ಐದನೆಯದು ತಪಾಸಣೆ. ಪರಿಷ್ಕರಣವನ್ನು ಕಳಿಸಿದ ಮಾತ್ರಕ್ಕೆ ಅದು ತಲುಪಿತೆಂದು ಹೇಳಲಾಗದು. ಕೆಲವು ಗಣಕಗಳು ಆ ದಿನ ಆರಿರುತ್ತವೆ. ಕೆಲವದರಲ್ಲಿ ಜಾಗ ಸಾಲದೆ ಕೆಲಸ ನಿಂತಿರುತ್ತದೆ. ಕೆಲವನ್ನು ಬಳಸುವವರೇ ‘ಆಮೇಲೆ’ ಎಂದು ಮುಂದೂಡಿರುತ್ತಾರೆ. ಯಾದಿಯನ್ನು ಮತ್ತೆ ತೆರೆದು, ಉಳಿದವು ಯಾವುವೆಂದು ಹುಡುಕಿ ಪೂರೈಸುವವರೆಗೆ ಕೆಲಸ ಮುಗಿದಂತಲ್ಲ.

ದೊಡ್ಡ ಸಮುದಾಯವೊಂದು ಈ ಹೊಣೆಯನ್ನು ಒಟ್ಟಾಗಿ ಹೊತ್ತ ಉದಾಹರಣೆಯೂ ಉಂಟು. ಕೇರಳದ ಸರಕಾರಿ ಶಾಲೆಗಳಲ್ಲಿ ಸ್ವತಂತ್ರ ತಂತ್ರಾಂಶವನ್ನು ಬಳಸುತ್ತಾರೆ. ಪ್ರತಿ ಶಾಲೆಯೂ ತನಗೆ ತೋಚಿದಂತೆ ಮಾಡುವ ಬದಲು, ‘ಕೈಟ್’ ಎಂಬ ಸರಕಾರಿ ಸಂಸ್ಥೆ ಲಿನಕ್ಸಿನ ಉಬುಂಟು ಆವೃತ್ತಿಯನ್ನು ಆಧರಿಸಿ, ಪಾಠಕ್ಕೆ ಬೇಕಾದ ತಂತ್ರಾಂಶಗಳನ್ನೂ ಕೂಡಿಸಿ, ರಾಜ್ಯಕ್ಕೆಲ್ಲ ಒಂದೇ ಬಗೆಯ ವ್ಯವಸ್ಥೆಯನ್ನು ಸಿದ್ಧಪಡಿಸುತ್ತದೆ. 2019ರ ಮೇ ತಿಂಗಳಲ್ಲಿ ಪ್ರಕಟವಾದ ಅದರ ಆವೃತ್ತಿ 2 ಲಕ್ಷಕ್ಕೂ ಹೆಚ್ಚು ಗಣಕಗಳಿಗೆ ಉದ್ದೇಶಿತವಾಗಿತ್ತು. ಕಾಸರಗೋಡಿನ ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಕಲಿಯುವ ಶಾಲೆಗಳೂ ಆ ರಾಜ್ಯದ ಏರ್ಪಾಡಿನೊಳಗೇ ಬರುತ್ತವೆ. ವ್ಯವಸ್ಥೆ ಒಂದೇ ಬಗೆಯದಾದರೆ ಪರೀಕ್ಷಿಸುವುದೂ ಕಲಿಸುವುದೂ ಸುಲಭ. ಆದರೆ ತಪ್ಪು ನುಸುಳಿದರೆ ಅದೂ ಎಲ್ಲ ಕಡೆಗೂ ಹರಡುವುದರಿಂದ ಪರೀಕ್ಷೆ ಅಷ್ಟೇ ಕಟ್ಟುನಿಟ್ಟಾಗಿರಬೇಕು.

ಎತ್ತಿಗೆ ಮುಪ್ಪು ಬರುವಂತೆ ಕಾರ್ಯಾಚರಣ ವ್ಯವಸ್ಥೆಗೂ ಮುಪ್ಪು ಬರುತ್ತದೆ. ತಯಾರಕರು ಕೆಲವು ವರ್ಷಗಳ ಮೇಲೆ ತಿದ್ದುಪಡಿ ನೀಡುವುದನ್ನು ನಿಲ್ಲಿಸುತ್ತಾರೆ. ವಿಂಡೋಸ್ 7ಕ್ಕೆ 2020ರ ಜನವರಿ 14ರಂದೂ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದೂ ಸಾಮಾನ್ಯ ಪೋಷಣೆ ಮುಗಿಯಿತು. ಆ ದಿನ ಕಳೆದ ಮೇಲೂ ಗಣಕ ಎಂದಿನಂತೆ ನಡೆಯುತ್ತಿರುತ್ತದೆ, ಅದೇ ಮೋಸ. ನೋಡುವವರಿಗೆ ಯಾವ ಕೊರತೆಯೂ ಕಾಣುವುದಿಲ್ಲ. ಆದರೆ ಮುಂದೆ ಕಂಡುಬರುವ ಲೋಪಗಳಿಗೆ ತಿದ್ದುಪಡಿ ಸಿಗುವುದಿಲ್ಲ. ಕೆಲವು ಕಾಲ ಹೆಚ್ಚಿನ ಪೋಷಣೆ ಪಡೆಯಲು ಪ್ರತ್ಯೇಕ ಏರ್ಪಾಡುಗಳುಂಟು. ಅವು ಊರುಗೋಲಿನಂತೆ ಸ್ವಲ್ಪ ದೂರ ನಡೆಸುತ್ತವೆ. ಹಳೆಯ ಯಂತ್ರವು ಹೊಸ ವ್ಯವಸ್ಥೆಯನ್ನು ತಾಳಲಾರದಿದ್ದರೆ ಯಂತ್ರವನ್ನೇ ಬದಲಿಸಬೇಕು, ಇಲ್ಲವೆ ಹಗುರವಾದ ಬೇರೊಂದು ವ್ಯವಸ್ಥೆಯನ್ನು ಅದಕ್ಕೆ ಹೊಂದಿಸಬೇಕು. ಇದಕ್ಕೆ ಹಣ ಬೇಕು. ಗಣಕವನ್ನು ಕೊಳ್ಳುವ ದಿನವೇ ಅದರ ಪಾಲನೆಯ ಖರ್ಚನ್ನೂ ಅಂದಾಜಿನಲ್ಲಿ ಸೇರಿಸುವ ಸಂಸ್ಥೆ ಮುಂದೆ ಪೇಚಿಗೆ ಸಿಲುಕುವುದಿಲ್ಲ.

ಈ ಕೆಲಸದಲ್ಲಿ ಕೀರ್ತಿ ಕಡಿಮೆ. ಹೊಸ ಗಣಕಗಳು ಬಂದ ದಿನ ಪೂಜೆಯಾಗುತ್ತದೆ, ಭಾಷಣವಾಗುತ್ತದೆ, ಚಿತ್ರ ತೆಗೆಯುತ್ತಾರೆ. ಪ್ರತಿ ತಿಂಗಳೂ ಸಂಜೆ ಉಳಿದು ಯಾದಿ ನೋಡಿ ಒಂದೊಂದನ್ನೂ ಪರಿಷ್ಕರಿಸುವವನ ಹೆಸರನ್ನು ಯಾರೂ ಕೇಳುವುದಿಲ್ಲ. ಅವನ ಕೆಲಸ ಚೆನ್ನಾಗಿ ನಡೆದಷ್ಟೂ ಅದು ನಡೆಯಿತೆಂಬುದೇ ಜನರಿಗೆ ತಿಳಿಯುವುದಿಲ್ಲ. ಆದರೆ ಊರಿನ ಹೊಲಗಳ ದಾಖಲೆ, ರೋಗಿಯ ಔಷಧದ ವಿವರ, ವೃದ್ಧರ ಮಾಸಾಶನ, ವಿದ್ಯಾರ್ಥಿಯ ಅಂಕಪಟ್ಟಿ, ಎಲ್ಲವೂ ಗಣಕಗಳನ್ನು ಸೇರಿರುವ ಈ ಕಾಲದಲ್ಲಿ ಅವನು ಹಲವರ ಬದುಕನ್ನು ಕಾಯುವವನು. ನಿಮ್ಮಲ್ಲಿ ಕೆಲವರು ನಾಳೆ ಆ ಹೊಣೆಯನ್ನು ಹೊರಬಹುದು. ಉಳಿದವರ ಕೈಯಲ್ಲಿಯೂ ಒಂದೊಂದು ಗಣಕ ಇದ್ದೇ ಇರುತ್ತದೆ. ಪರಿಷ್ಕರಣ ಸಿದ್ಧವಾಗಿದೆಯೆಂದು ಅದು ಸೂಚಿಸಿದಾಗ, ಅದು ಎಲ್ಲಿಂದ ಬಂದುದೆಂದು ನೋಡಿ, ಮುಖ್ಯವಾದುದನ್ನು ಬೇರೆಡೆ ಪ್ರತಿ ಮಾಡಿಟ್ಟು, ಅಂದಿನ ಕೆಲಸವನ್ನು ಅಂದೇ ಮುಗಿಸುವ ಅಭ್ಯಾಸವನ್ನು ಈಗಲೇ ರೂಢಿಸಿಕೊಳ್ಳಬೇಕು.