ಅಂಚೆಯಲ್ಲಿ ಹೊರಟ ಗೆರಸೆ

ಮೊಬೈಲು ಫೋನಿನ ಗಾಜಿನ ಮೇಲೆ ಬೆರಳಾಡಿಸಿದರೆ ಈಗ ಗೆರಸೆಯೂ ಸಿಗುತ್ತದೆ. ಅಕ್ಕಿ ಕೇರುವುದಕ್ಕಲ್ಲ, ಪಟ್ಟಣದ ಮನೆಯ ಗೋಡೆಯಲ್ಲಿ ತೂಗುಹಾಕುವುದಕ್ಕೆ. ತೋಟದಲ್ಲಿ ಸೊಪ್ಪು ಹೊರುವವನ ತಲೆಗೆ ಆಸರೆಯಾಗಿದ್ದ ಮುಟ್ಟಾಳೆ ಇಂದು ಸನ್ಮಾನ ಸಭೆಗಳಲ್ಲಿ ಗಣ್ಯರ ತಲೆಯೇರಿ ಫೋಟೋಕ್ಕೆ ನಿಲ್ಲುತ್ತದೆ; ಅದೂ ಸಿಗುತ್ತದೆ. 42 ಸೇರು ಅಕ್ಕಿ ಹಿಡಿಯುತ್ತಿದ್ದ ಮುಡಿ ಅಂಗೈಯಗಲಕ್ಕೆ ಇಳಿದು ಷೋಕೇಸಿನ ವಸ್ತುವಾಗಿದೆ. ಯಕ್ಷಗಾನದ ಪುಟ್ಟ ಕಿರೀಟ, ಮುಂಡುಗದ ಓಲೆಯ ಚಾಪೆ, ಕಾಸರಗೋಡು ಸೀರೆ, ಎಲ್ಲವೂ ಆ ಗಾಜಿನ ಹಿಂದೆ ಸಾಲಾಗಿ ಕುಳಿತಿವೆ. ಈ ಹೊಸ ಸಂತೆಯಿಂದ ನಮ್ಮ ಜಿಲ್ಲೆಯ ಕೈಕಸುಬಿನವರಿಗೆ ದೊರೆತದ್ದೇನು, ದೊರೆಯದೆ ಹೋದದ್ದೇನು ಎಂದು ವಿಚಾರಿಸುವ ಕಾಲ ಬಂದಿದೆ.

ಮೊದಲು ಸೀರೆಯ ಮಾತು. ಕಾಸರಗೋಡಿನ ನೇಕಾರರ ಸಹಕಾರಿ ಸಂಘ ಹುಟ್ಟಿದ್ದು 1938ರಲ್ಲಿ, ಅಂದರೆ ಈ ಊರು ಇನ್ನೂ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಕಾಲದಲ್ಲಿ. ಶಾಲಿಯ ಮನೆತನಗಳ ಪರಂಪರೆಯ ಕಸುಬಿದು. ಮನೆಮಾತು ಯಾವುದಾದರೂ ಮಗ್ಗದ ಮಾತು ಒಂದೇ. ನಯವಾದ ಹತ್ತಿ ನೂಲು, ತೊಳೆದರೆ ಬಿಡದ ಬಣ್ಣ, ಚೌಕಳಿ ಅಥವಾ ಗೆರೆಯ ಮೈ, ಹಿತಮಿತವಾದ ಅಂಚು, ಇವು ಈ ಸೀರೆಯ ಗುರುತು. ನಮ್ಮ ತಾಯಂದಿರ ಪೆಟ್ಟಿಗೆಯ ಅಡಿಯಲ್ಲಿ ಇಂಥದೊಂದು ಸೀರೆ ಇನ್ನೂ ಇದ್ದೀತು. ಎಷ್ಟು ಒಗೆದರೂ ಅದು ಸೋಲುವುದಿಲ್ಲ. ಹಿಂದೆ ನೂರಾರು ಮಂದಿಗೆ ಅನ್ನ ಕೊಟ್ಟಿದ್ದ ಈ ಕೆಲಸದಲ್ಲಿ ಇಂದು ಉಳಿದವರು ಬಹಳ ಕಡಿಮೆ, ಅವರಲ್ಲಿಯೂ ಹೆಚ್ಚಿನವರು ವಯಸ್ಸಾದವರು.

2010ರ ಹೊತ್ತಿಗೆ ಕಾಸರಗೋಡು ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. 1999ರ ಕಾಯಿದೆಯ ಪ್ರಕಾರ ಇಂಥ ಹೆಸರನ್ನು ಆ ಪ್ರದೇಶದ ಹೊರಗೆ ತಯಾರಾದ ಸರಕಿಗೆ ಅಂಟಿಸುವಂತಿಲ್ಲ. ಕಾಗದದ ಮೇಲೆ ಇದು ದೊಡ್ಡ ರಕ್ಷಣೆ. ಆದರೆ ಜಾಲದ ಅಂಗಡಿಗಳಲ್ಲಿ ನೋಡಿದರೆ ಯಂತ್ರದ ಮಗ್ಗದಲ್ಲಿ ಒಂದೇ ದಿನ ಹತ್ತಾರು ಇಳಿಯುವ ಬಟ್ಟೆಗೂ ‘ಕೈಮಗ್ಗ’ ಎಂಬ ಮಾತು ಧಾರಾಳವಾಗಿ ಅಂಟಿಕೊಂಡಿರುತ್ತದೆ. ಅಂಗಡಿಗೆ ಹೋದವರು ಸೆರಗನ್ನು ಬೆರಳಿನಿಂದ ತಿಕ್ಕಿ, ಬೆಳಕಿಗೆ ಹಿಡಿದು, ಹಿಂಬದಿ ಮಗುಚಿ ನೋಡಿಯಾರು. ಚಿತ್ರವನ್ನು ಹೇಗೆ ತಿಕ್ಕಿ ನೋಡುವುದು? 2006ರಿಂದ ಕೇಂದ್ರ ಸರಕಾರ ಕೊಡುತ್ತಿರುವ ‘ಹ್ಯಾಂಡ್‌ಲೂಮ್ ಮಾರ್ಕ್’ ಚೀಟಿ ಇದೆಯೇ ಎಂದು ಕೇಳುವ ಅಭ್ಯಾಸವನ್ನಾದರೂ ನಮ್ಮವರು ಬೆಳೆಸಿಕೊಂಡರೆ ಅಷ್ಟರ ಮಟ್ಟಿಗೆ ಒಳ್ಳೆಯದು.

ನೆರೆಯ ಉಡುಪಿ ಸೀರೆಯ ಕಥೆಯನ್ನು ಇಲ್ಲಿ ನೆನೆಯಬೇಕು. ಅದಕ್ಕೆ 2016ರಲ್ಲಿ ಭೌಗೋಳಿಕ ಸೂಚಕ ದೊರೆತಾಗ ನೇಯುವವರು ಬೆರಳೆಣಿಕೆಯಷ್ಟೇ ಉಳಿದಿದ್ದರು. ಆ ಬಳಿಕ ಕಾರ್ಕಳದ ಕದಿಕೆ ಟ್ರಸ್ಟಿನವರು ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದೊಡನೆ ಸೇರಿ ಅದನ್ನು ಮೇಲೆತ್ತಲು ತೊಡಗಿದರು. ಸೀರೆಯ ಜೊತೆಗೆ ನೇಯ್ದವರ ಹೆಸರೂ ಕೊಳ್ಳುವವರನ್ನು ತಲುಪುವಂತೆ ಮಾಡಿದ್ದು, ಫೇಸ್‌ಬುಕ್ಕು, ವಾಟ್ಸಾಪುಗಳ ಮೂಲಕ ಸೀರೆಯ ಗುಣವನ್ನು ಊರೂರಿಗೆ ತಿಳಿಸಿದ್ದು ಅವರ ದಾರಿ. ಬಿಟ್ಟುಹೋದ ನೇಕಾರರು ಕೆಲವರು ಮಗ್ಗಕ್ಕೆ ಮರಳಿದರು. ಇದು ನಮ್ಮಿಂದ ಅರ್ಧ ದಿನದ ಬಸ್ಸಿನ ದೂರದಲ್ಲಿ ನಡೆದ ಕೆಲಸ.

ಕೇರಳದಲ್ಲಿ 2017ರಿಂದ ಶಾಲಾ ಮಕ್ಕಳಿಗೆ ಕೈಮಗ್ಗದ ಸಮವಸ್ತ್ರ ಕೊಡುವ ಯೋಜನೆ ಬಂದು ನೇಕಾರರಿಗೆ ಸ್ವಲ್ಪ ಆಧಾರವಾಯಿತೆಂಬುದನ್ನೂ ಹೇಳದಿರಬಾರದು. ಆದರೆ ಸಮವಸ್ತ್ರದ ಬಟ್ಟೆ ನೇಯುವ ಕೈಗೆ ಸೀರೆಯ ಅಂಚು ಮರೆತುಹೋದೀತೆಂಬ ಭಯವೂ ನಮಗೆ ಇಲ್ಲದಿಲ್ಲ.

ಬುಟ್ಟಿಯ ತೂಕ

ಸೀರೆ ಮಡಚಿದರೆ ಪುಸ್ತಕದಷ್ಟಾಗುತ್ತದೆ. ಬುಟ್ಟಿ ಮಡಚುವುದಿಲ್ಲ. ಆನ್‌ಲೈನ್ ವ್ಯಾಪಾರದ ಅರ್ಧ ಗುಟ್ಟು ಇಲ್ಲಿದೆ. ಕೊರಿಯರಿನವರು ಸರಕಿನ ನಿಜವಾದ ತೂಕವನ್ನು ಮಾತ್ರ ನೋಡುವುದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸಿ ಬರುವ ಸಂಖ್ಯೆಯನ್ನು ಕಿಲೋ ಎಂದು ಹಿಡಿಯುತ್ತಾರೆ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. ಏಳನೆಯ ತರಗತಿಯ ಮಗು ಮಾಡಬಹುದಾದ ಈ ಲೆಕ್ಕವನ್ನು ನಾವು ತರಗತಿಯಲ್ಲಿ ಮಾಡಿಸಿ ನೋಡಿದ್ದುಂಟು. 30, 25, 4 ಅಳತೆಯ ಸೀರೆಯ ಕಟ್ಟು 3000 ಆಗಿ, 600 ಗ್ರಾಮಿಗೆ ನಿಲ್ಲುತ್ತದೆ. 40, 40, 25 ಅಳತೆಯ ಬುಟ್ಟಿಯ ಪೆಟ್ಟಿಗೆ 40,000 ಆಗಿ 8 ಕಿಲೋ ಎನಿಸಿಕೊಳ್ಳುತ್ತದೆ! ಬುಟ್ಟಿಯ ನಿಜವಾದ ತೂಕ ಅರ್ಧ ಕಿಲೋ. ಇನ್ನೂರು ರೂಪಾಯಿಯ ಬುಟ್ಟಿಗೆ ಅದಕ್ಕಿಂತ ಹೆಚ್ಚು ಬಾಡಿಗೆ ತೆತ್ತರೆ ಕೊಳ್ಳುವವರು ಯಾರು?

ಇದಕ್ಕೆ ಉಪಾಯ ಇಲ್ಲದಿಲ್ಲ. ದೊಡ್ಡದರೊಳಗೆ ಚಿಕ್ಕದು, ಚಿಕ್ಕದರೊಳಗೆ ಪುಟ್ಟದು ಎಂದು ಮೂರು ನಾಲ್ಕು ಬುಟ್ಟಿಗಳನ್ನು ಒಂದಾಗಿ ಮಾರಿದರೆ ಬಾಡಿಗೆ ಹಂಚಿಹೋಗುತ್ತದೆ. ಗೆರಸೆಗಳನ್ನು ಒಂದರ ಮೇಲೊಂದು ಜೋಡಿಸಬಹುದು. ಇದನ್ನು ಹೇಳಿಕೊಡಲು ಯಾವ ದೊಡ್ಡ ತರಬೇತಿಯೂ ಬೇಡ. ಹಿಂದೆ ತಲೆಹೊರೆಯಲ್ಲಿ ಬುಟ್ಟಿ ತರುತ್ತಿದ್ದವರು ಮಾಡುತ್ತಿದ್ದದ್ದೂ ಇದನ್ನೇ.

ಮಳೆಗಾಲದ ತೊಂದರೆ ಬೇರೆ. ಆಟಿ ತಿಂಗಳಲ್ಲಿ ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಕಳುಹಿಸಿದ ಬಿದಿರಿಗೆ ದಾರಿಯಲ್ಲೇ ಬೂಷ್ಟು ಹಿಡಿಯುತ್ತದೆ. ಬೇಸಗೆಯಲ್ಲಿ ಒಣಹವೆಯ ಊರಿಗೆ ಹೋದ ಬುಟ್ಟಿ ಅಲ್ಲಿ ಬಿರುಕು ಬಿಡುತ್ತದೆ. ಕೃಷ್ಣಪಕ್ಷದಲ್ಲಿ ಕಡಿದ ಬಿದಿರಿಗೆ ಹುಳು ಬೇಗ ಹಿಡಿಯದೆಂದು ಹಿರಿಯರು ಹೇಳುತ್ತಾರೆ. ಒಲೆಯ ಮೇಲಿನ ಹೊಗೆಯಲ್ಲಿ ಇಟ್ಟ ಬುಟ್ಟಿ ಬಾಳಿಕೆ ಬರುತ್ತದೆಂಬುದಂತೂ ನಾವೇ ಕಂಡ ಮಾತು. ಆದರೆ ಹೊಗೆಯ ವಾಸನೆ ಬಂತೆಂದು ಕೊಂಡವರು ಹಿಂದಿರುಗಿಸಿದರೆ ಮಾಡುವುದೇನು? ಎರಡು ಬುಟ್ಟಿಗಳು ಒಂದೇ ಅಚ್ಚಿನಲ್ಲಿ ಇಲ್ಲವೆಂದು ದೂರುವವರೂ ಇದ್ದಾರೆ. ಕೈಯಿಂದ ಹೆಣೆದದ್ದು ಅಚ್ಚಿನಂತೆ ಹೇಗಿದ್ದೀತು ಮಾರಾಯರೇ!

ಹಾಳೆಯ ತಟ್ಟೆಯದು ಇನ್ನೊಂದು ಪಾಡು. ಅದು ಕೈಗಿಂತ ಯಂತ್ರದ ಕೆಲಸವಾದರೂ ನಮ್ಮ ಅಡಿಕೆ ತೋಟದ ಮನೆಗಳಿಗೆ ಸೇರಿದ್ದೇ. ಅಡಿಕೆಯಲ್ಲಿರುವ ಕೆಲವು ಸಹಜ ರಾಸಾಯನಿಕಗಳು ಊಟಕ್ಕೆ ಇಳಿಯಬಹುದೆಂದು ಅಮೆರಿಕದ ಆಹಾರ ಇಲಾಖೆ 2025ರ ಮೇ ತಿಂಗಳಲ್ಲಿ ಈ ತಟ್ಟೆಗಳಿಗೆ ಅಡ್ಡಿ ತಂದಿತು. ಹೊರದೇಶದ ಗಿರಾಕಿಯನ್ನೇ ನಂಬಿ ಸಾಲ ಮಾಡಿ ಯಂತ್ರ ಹಾಕಿದವರಿಗೆ ಇದು ಸಣ್ಣ ಪೆಟ್ಟಲ್ಲ.

ತಲಪಾಡಿಯ ಆಚೆ ಈಚೆ

ಇನ್ನೊಂದು ವಿಷಯ ಗಡಿಯವರಾದ ನಮಗೆ ಮಾತ್ರ ತಟ್ಟುವಂಥದು. 2017ರಲ್ಲಿ ಜಿಎಸ್‌ಟಿ ಬಂದಾಗ ಆನ್‌ಲೈನ್ ಅಂಗಡಿಗಳ ಮೂಲಕ ಸರಕು ಮಾರುವವರು ಎಷ್ಟೇ ಸಣ್ಣವರಾದರೂ ನೋಂದಣಿ ಮಾಡಲೇಬೇಕಾಗಿತ್ತು. 2023ರ ಅಕ್ಟೋಬರ್ 1ರಿಂದ ಇದನ್ನು ಸಡಿಲಿಸಿ, ವಹಿವಾಟು ಮಿತಿಯೊಳಗಿರುವ ಸಣ್ಣವರು ನೋಂದಣಿಯಿಲ್ಲದೆ ಮಾರಬಹುದೆಂದರು. ಸಂತೋಷವೇ. ಆದರೆ ಅದರ ಜೊತೆಗೆ ಒಂದು ಷರತ್ತಿದೆ: ಸರಕು ರಾಜ್ಯದ ಒಳಗೇ ಹೋಗಬೇಕು.

ಕಾಸರಗೋಡಿನಿಂದ ತಿರುವನಂತಪುರ 550 ಕಿಲೋಮೀಟರಿಗೂ ಹೆಚ್ಚು ದೂರ. ಮಂಗಳೂರು ಸುಮಾರು 50. ಮಂಜೇಶ್ವರದ ಹೆಂಗಸೊಬ್ಬಳು ಹೆಣೆದ ಚಾಪೆಯನ್ನು ಈ ಅಂಗಡಿಗಳ ಮೂಲಕ ತಿರುವನಂತಪುರಕ್ಕೆ ಕಳುಹಿಸಲು ನೋಂದಣಿ ಬೇಡ. ತಲಪಾಡಿ ದಾಟಿ ತೊಕ್ಕೊಟ್ಟಿನ ಅಕ್ಕನ ಮನೆಗೆ ಕಳುಹಿಸಲು ಬೇಕು. ನಮ್ಮ ಗೆರಸೆ ಎಂದರೇನು, ಮುಡಿ ಎಂದರೇನು ಎಂದು ಬಲ್ಲ ಗಿರಾಕಿಗಳು ಇರುವುದು ಮಂಗಳೂರು, ಪುತ್ತೂರು, ಬೆಂಗಳೂರುಗಳಲ್ಲಿ. ನಮ್ಮ ಸರಕಿಗೆ ಹತ್ತಿರದ ಪೇಟೆಯೇ ಹೊರರಾಜ್ಯವಾಗಿರುವುದು 1956ರಿಂದ ನಮಗೆ ಅಭ್ಯಾಸವಾದ ಸಂಗತಿ. ಅದು ಮೊಬೈಲಿನೊಳಗೂ ಹಿಂಬಾಲಿಸಿ ಬರುವುದೆಂದು ಯಾರೂ ಎಣಿಸಿರಲಿಲ್ಲ.

ಆನ್‌ಲೈನ್ ಅಂಗಡಿಯನ್ನು ನಡುವೆ ತರದೆ ನೇರವಾಗಿ ಮಾರುವ ಕೈಕಸುಬಿನವರಿಗೆ ಬೇರೆ ರಿಯಾಯಿತಿಯಿದೆ. ಬುಟ್ಟಿಯೇ ಮುಂತಾದ ಕರಕುಶಲ ವಸ್ತುಗಳನ್ನು ಮಿತಿಯೊಳಗೆ ಹೊರರಾಜ್ಯಕ್ಕೆ ಮಾರುವವರು ನೋಂದಣಿ ಮಾಡಬೇಕಾಗಿಲ್ಲವೆಂದು 2018ರ ಅಧಿಸೂಚನೆ ಹೇಳುತ್ತದೆ. ಪ್ಯಾನ್ ಕಾರ್ಡು ಇರಬೇಕು, ಸರಕಿನ ಬೆಲೆ ಎಷ್ಟೇ ಕಡಿಮೆಯಾದರೂ ಇ-ವೇ ಬಿಲ್ಲು ಮಾಡಬೇಕು. ಈ ಬಿಲ್ಲನ್ನು ಒಂದು ಬುಟ್ಟಿಗೆ ಯಾರು ಮಾಡಿಯಾರು ಎಂದು ಕೇಳಬೇಡಿ. ಕಾಯಿದೆ ಹಾಗಿದೆ ಎಂದಷ್ಟೇ ನಾವು ಹೇಳುತ್ತಿದ್ದೇವೆ.

ಆದುದರಿಂದಲೇ ನಮ್ಮ ಕಡೆಯ ಹೆಚ್ಚಿನ ವ್ಯಾಪಾರ ಇಂದಿಗೂ ವಾಟ್ಸಾಪಿನಲ್ಲಿ, ಬಂಧುಬಳಗದ ಮೂಲಕ ನಡೆಯುತ್ತದೆ. ಊರಿನ ಒಬ್ಬರು ಗುಂಪಿನಲ್ಲಿ ಚಿತ್ರ ಹಾಕುತ್ತಾರೆ. ದುಬೈಯಲ್ಲಿರುವ ಭಾವ, ಮುಂಬಯಿಯಲ್ಲಿರುವ ಚಿಕ್ಕಮ್ಮ ‘ನನಗೊಂದು’ ಎನ್ನುತ್ತಾರೆ. ಊರಿಗೆ ಬಂದವರ ಕೈಯಲ್ಲಿ ಸರಕು ಹೋಗುತ್ತದೆ. ಇಲ್ಲಿ ದಲ್ಲಾಳಿಯೂ ಇಲ್ಲ, ಮೋಸವೂ ಇಲ್ಲ. ಕೊರತೆಯೆಂದರೆ ಬಂಧುಬಳಗ ದೊಡ್ಡದಿರುವವರಿಗೆ ಮಾತ್ರ ಇದು ಸಾಧ್ಯ. ಯಾರ ಬಳಗ ಊರಿನ ಎಲ್ಲೆ ದಾಟಿಲ್ಲವೋ ಅವರ ಸರಕೂ ದಾಟುವುದಿಲ್ಲ.

ಕೊರಗ ಸಮುದಾಯದವರ ವಿಷಯ ಇದೇ. ಬೀಳು ಮತ್ತು ಬಿದಿರಿನ ಹೆಣಿಗೆಯಲ್ಲಿ ಅವರನ್ನು ಮೀರಿಸುವವರು ಈ ನಾಡಿನಲ್ಲಿಲ್ಲ. ಒಂದು ಕಾಲದಲ್ಲಿ ಅವರು ಅಂಗಳದ ಹೊರಗೆ ನಿಂತು ಬುಟ್ಟಿ ಕೊಟ್ಟು, ಕೊಟ್ಟಷ್ಟು ಭತ್ತ ತೆಗೆದುಕೊಂಡು ಹೋಗುತ್ತಿದ್ದರು. ಬೆಲೆ ಹೇಳುವ ಅಧಿಕಾರ ಅವರಿಗಿರಲಿಲ್ಲ. ಬದಿಯಡ್ಕ ಕಡೆಯ ಒಂದು ಕಾಲೊನಿಗೆ ನಾವು ಶಾಲೆಯ ಕೆಲಸದ ಮೇಲೆ ಹೋಗಿದ್ದಾಗ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಮೊಬೈಲಿನಲ್ಲಿ ಬುಟ್ಟಿಯ ಚಿತ್ರ ತೆಗೆದು ತೋರಿಸಿದ. ಯಾವುದೋ ಪಟ್ಟಣದ ಅಂಗಡಿಯವರು ಮಾರಾಟಕ್ಕೆ ಹಾಕಿದ್ದು. ಅವನ ತಾಯಿ ಕಣ್ಣು ಕಿರಿದು ಮಾಡಿ ನೋಡಿದರು.

“ಇದು ನಾನು ಹೆಣೆದದ್ದೇ ಮಾಷ್ಟ್ರೇ. ಅಂಚು ಕಟ್ಟಿದ್ದು ನೋಡಿ. ಹೀಗೆ ಕಟ್ಟುವುದು ನಮ್ಮ ಮನೆಯಲ್ಲಿ ಮಾತ್ರ.”

“ಅಕ್ಕ, ಇದಕ್ಕೆ ಅಲ್ಲಿ ಎಷ್ಟು ಹಾಕಿದ್ದಾರೆ ಗೊತ್ತುಂಟಾ?” ಎಂದು ನಾವು ಕೇಳಿದೆವು. ಹುಡುಗ ಓದಿ ಹೇಳಿದ. ಅವರಿಗೆ ಸಿಕ್ಕಿದ್ದರ ನಾಲ್ಕು ಪಾಲಿಗೂ ಮೇಲೆ.

ಅವರು ನಕ್ಕರು. “ಅಷ್ಟು ದುಡ್ಡು ಕೊಟ್ಟು ತೆಗೆದುಕೊಂಡು ಹೋಗಿ ಅವರು ಏನು ಮಾಡ್ತಾರೆ? ಗೊಬ್ಬರ ಹೊರ್ತಾರಾ?”

ಆ ಚಿತ್ರದ ಕೆಳಗೆ ಬುಟ್ಟಿಯ ಅಳತೆಯಿತ್ತು, ತೂಕವಿತ್ತು, ಪರಿಸರಕ್ಕೆ ಅದರಿಂದಾಗುವ ಉಪಕಾರದ ಬಗ್ಗೆ ನಾಲ್ಕು ಸಾಲು ಇತ್ತು. ಹೆಣೆದವರ ಹೆಸರಿರಲಿಲ್ಲ, ಸಮುದಾಯದ ಹೆಸರಿರಲಿಲ್ಲ, ಊರಿನ ಹೆಸರೂ ಇರಲಿಲ್ಲ. 2020ರ ಆನ್‌ಲೈನ್ ಗ್ರಾಹಕ ನಿಯಮಗಳು ಮಾರುವವನ ಹೆಸರು, ವಿಳಾಸ ತೋರಿಸಬೇಕೆನ್ನುತ್ತವೆ. ಹೆಣೆದವರ ಹೆಸರು ಹೇಳಬೇಕೆಂದು ಅವು ಹೇಳುವುದಿಲ್ಲ. ಅಂಗಳದ ಹೊರಗೆ ನಿಲ್ಲಿಸುವುದಕ್ಕೆ ಹೊಸ ಕಾಲ ಹೊಸ ಅಂಗಳವನ್ನು ಹುಡುಕಿಕೊಂಡಿತೋ ಏನೋ.

ಆ ಹುಡುಗ ಈಗ ತಾಯಿಯ ಬುಟ್ಟಿಗಳ ಚಿತ್ರವನ್ನು ತಾನೇ ತೆಗೆಯುತ್ತಾನೆ. ಬೆಳಗ್ಗೆ ಒಂಬತ್ತರೊಳಗೆ, ಜಗಲಿಯ ಬೆಳಕಿನಲ್ಲಿ, ಹಿಂದೆ ಬಿಳಿ ಪಂಚೆ ಕಟ್ಟಿ. ಕೆಳಗೆ ಬರೆಯುವ ನಾಲ್ಕು ಸಾಲನ್ನು ಕನ್ನಡದಲ್ಲೂ ಮಲೆಯಾಳದಲ್ಲೂ ಇಂಗ್ಲಿಷಿನಲ್ಲೂ ಬರೆಯುವುದು ನಮ್ಮ ಮಕ್ಕಳಿಗೆ ಕಷ್ಟವಲ್ಲ. ಮೂರು ಭಾಷೆಯ ಊರಿನಲ್ಲಿ ಹುಟ್ಟಿದ್ದಕ್ಕೆ ಒಂದಾದರೂ ಲಾಭ ಬೇಡವೇ? 2020ರಲ್ಲಿ ದೊಡ್ಡ ಅಂಗಡಿಗಳೆರಡೂ ತಮ್ಮ ಆ್ಯಪುಗಳಿಗೆ ಕನ್ನಡವನ್ನು ಸೇರಿಸಿದವು. ಆದರೂ ಸರಕಿನ ಹೆಸರು ಇಂಗ್ಲಿಷಿನಿಂದಲೇ ಬರುವುದರಿಂದ ಗೆರಸೆ, ಕುರುವೆ, ಹೆಡಿಗೆ, ಕುಕ್ಕೆ ಎಲ್ಲವೂ ಅಲ್ಲಿ ‘ಬಾಸ್ಕೆಟ್’ ಆಗಿಬಿಡುತ್ತವೆ. ಒಂದೊಂದಕ್ಕೂ ಒಂದೊಂದು ಕೆಲಸ, ಒಂದೊಂದು ಕಣ್ಣಿನ ಹೆಣಿಗೆ ಇತ್ತೆಂಬುದು ಆ ಒಂದು ಪದದಲ್ಲಿ ಅಳಿಸಿಹೋಗುತ್ತದೆ. ನಾವು ಹುಡುಗನಿಗೆ ಹೇಳಿದ್ದು ಇಷ್ಟೇ: ಹೆಸರನ್ನು ಮೊದಲು ಬರೆ, ಅರ್ಥವನ್ನು ಆಮೇಲೆ ಬರೆ.

ಬೀಳು ಸಿಗುವುದೇ ಈಗ ಕಷ್ಟ. ಕಾಡಿದ್ದಲ್ಲಿ ರಬ್ಬರು ಬಂದಿದೆ. ಅರಣ್ಯವಾಸಿಗಳಿಗೆ ಬಿದಿರೇ ಮೊದಲಾದ ಕಿರು ಅರಣ್ಯ ಉತ್ಪನ್ನಗಳ ಮೇಲೆ ಹಕ್ಕು ಕೊಡುವ ಕಾಯಿದೆ 2006ರಲ್ಲೇ ಬಂದಿದೆ, ಆದರೆ ಕಾಡಿನಂಚಿನಲ್ಲಿ ಕತ್ತಿ ಹಿಡಿದು ನಿಂತ ಹೆಂಗಸಿಗೆ ಕಾಯಿದೆಯ ಪುಸ್ತಕ ತೋರಿಸಲಾಗುವುದಿಲ್ಲ. ನೂರು ಬುಟ್ಟಿ ಬೇಕೆಂದು ಬೇಡಿಕೆ ಬಂದರೂ ಹತ್ತು ಹೆಣೆಯುವಷ್ಟು ಬೀಳು ಬೇಕಲ್ಲ.

ಸರಕಾರದ ಕಡೆಯಿಂದ ಇರುವುದನ್ನು ತಿಳಿಸಿ ಮುಗಿಸುತ್ತೇವೆ. ನೇಕಾರರೂ ಕರಕುಶಲಿಗಳೂ ದಲ್ಲಾಳಿಯಿಲ್ಲದೆ ಮಾರುವುದಕ್ಕೆಂದು ಕೇಂದ್ರದ ಜವಳಿ ಸಚಿವಾಲಯ ‘ಇಂಡಿಯಾ ಹ್ಯಾಂಡ್‌ಮೇಡ್’ ಎಂಬ ಜಾಲತಾಣವನ್ನು 2023ರಲ್ಲಿ ತೆರೆಯಿತು. ಅದೇ ವರ್ಷದ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬುಟ್ಟಿ, ಚಾಪೆ, ಹಿಡಿಸೂಡಿ ಮಾಡುವವರೂ ಸೇರಿದ್ದಾರೆ. ತರಬೇತಿಯ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿ, ಶೇ. 5 ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ಸಾಲ. ಮನೆಗೊಬ್ಬರಂತೆ, 18 ವರ್ಷ ದಾಟಿದವರು ಸಾಮಾನ್ಯ ಸೇವಾ ಕೇಂದ್ರದಲ್ಲಿ ನೋಂದಾಯಿಸಬಹುದು. ಆಧಾರ್, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್, ಆಧಾರ್‌ಗೆ ಜೋಡಿಸಿದ ಫೋನು ಕೈಯಲ್ಲಿರಲಿ. ಇಲಾಖೆಗಳಿಗೆ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಅವಕಾಶವನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ನಮಗೆ ಕೊಟ್ಟಿತ್ತು. ಆದರೆ ಕೌಂಟರಿನಲ್ಲಿ ಕಂಪ್ಯೂಟರಿನ ತೆರೆಯ ಮೇಲೆ ಬರುವುದು ಹೆಚ್ಚಾಗಿ ಇಂಗ್ಲಿಷು ಅಥವಾ ಮಲೆಯಾಳ. ಓದಬಲ್ಲ ಮಗುವೊಂದನ್ನು ಜೊತೆಗೆ ಕರೆದುಕೊಂಡು ಹೋಗಿ, ಅಲ್ಲಿ ಏನು ಬರೆದಿದೆ ಎಂದು ಅದರಿಂದ ಕೇಳಿದ ಮೇಲೆಯೇ ಬೆರಳು ಒತ್ತಬೇಕು.