ಶನಿವಾರದ ಆಪ್, ಸೋಮವಾರದ ಬಳಕೆದಾರ

ವಾರಾಂತ್ಯದಲ್ಲಿ ಕೂತು ಆಪ್ ಮಾಡುವ ಹುಮ್ಮಸ್ಸಿಗೆ ಬೆಂಗಳೂರಿನ ಪೂರ್ವಭಾಗದಲ್ಲಿ ಕೊರತೆಯಿಲ್ಲ. ಆ ಹುಮ್ಮಸ್ಸು ಎಲ್ಲಿ ಎಡವುತ್ತದೆ, ಎಲ್ಲಿ ನಿಲ್ಲುತ್ತದೆ?

2023ರ ಮಾರ್ಚ್ ಕೊನೆಗೆ ವೈಟ್‌ಫೀಲ್ಡ್‌ನಿಂದ ಕೆ.ಆರ್. ಪುರದವರೆಗೆ ಮೆಟ್ರೊ ಬಂತು. ಬೈಯಪ್ಪನಹಳ್ಳಿಯಿಂದ ಇಂದಿರಾನಗರ, ಹಲಸೂರು ದಾಟಿ ಎಂ.ಜಿ. ರಸ್ತೆಗೆ 2011ರಿಂದಲೇ ರೈಲು ಓಡುತ್ತಿತ್ತು. ಎರಡರ ನಡುವೆ ಉಳಿದದ್ದು ಎರಡು ಕಿಲೊಮೀಟರ್ ಚಿಲ್ಲರೆ. ಅಷ್ಟು ದೂರಕ್ಕಾಗಿ ಜನ ರೈಲಿಳಿದು, ಫೀಡರ್ ಬಸ್ ಹತ್ತಿ, ಮತ್ತೆ ರೈಲು ಹಿಡಿಯಬೇಕಿತ್ತು. ಆಗ ಯಾರೋ ಒಬ್ಬ ಟೆಕ್ಕಿ ‘ಮುಂದಿನ ಫೀಡರ್ ಬಸ್ ಎಷ್ಟು ಹೊತ್ತಿಗೆ’ ಎಂದು ಹೇಳುವ ಆಪ್ ಮಾಡಿದ್ದ ಎಂದೇ ಇಟ್ಟುಕೊಳ್ಳಿ. ಮೊದಲ ವಾರವೇ ಅದು ಎಲ್ಲರ ಫೋನಿಗೂ ಬಂದಿರುತ್ತಿತ್ತು. ಅಕ್ಟೋಬರ್ 9ರಂದು ಆ ತುಂಡು ಹಳಿಯ ಮೇಲೂ ರೈಲು ಓಡಿತು. ಆಪ್‌ನ ಆಯಸ್ಸು ಆರೂವರೆ ತಿಂಗಳಿಗೆ ಮುಗಿದಿರುತ್ತಿತ್ತು.

ಕಥೆ ಕಾಲ್ಪನಿಕ, ಪಾಠ ಮಾತ್ರ ನಿಜ. ಆಪ್ ಮಾಡುವ ಮುನ್ನ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ‘ಇದನ್ನು ಮಾಡಬಹುದೇ’ ಎಂಬುದಲ್ಲ, ‘ಈ ತೊಂದರೆ ಇನ್ನೆಷ್ಟು ದಿನ ಇರುತ್ತದೆ’ ಎಂಬುದು.

ಅಂಗಡಿ ಇಡುವುದೇನೋ ಸುಲಭ. ಗೂಗಲ್ ಪ್ಲೇ ಸ್ಟೋರ್‌ನಲ್ಲಿ ಡೆವಲಪರ್ ಖಾತೆಗೆ ಒಂದೇ ಸಲ 25 ಡಾಲರ್, ಆ್ಯಪಲ್‌ನಲ್ಲಿ ವರ್ಷಕ್ಕೆ 99 ಡಾಲರ್. 2021ರಲ್ಲಿ ಎರಡೂ ಕಂಪನಿಗಳು ಸಣ್ಣ ಡೆವಲಪರ್‌ಗಳ ಗಳಿಕೆಯಲ್ಲಿ ಹಿಡಿಯುವ ಕಮಿಷನ್ನನ್ನು ಶೇ 30ರಿಂದ ಶೇ 15ಕ್ಕೆ ಇಳಿಸಿದವು. ಆದರೂ ಎಷ್ಟೋ ಆಪ್‌ಗಳು ಮೊದಲ ವರ್ಷದ ಹುಟ್ಟುಹಬ್ಬ ಕಾಣುವುದಿಲ್ಲ. ಕಾರಣ ಕೋಡ್‌ನಲ್ಲಿರುವುದು ಅಪರೂಪ.

ಎತ್ತಿನಗಾಡಿಯ ಕಂಪನಿ, ಬಸ್ಸಿನ ಸೀಟು

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದಾಗ ಅದರ ಕಚೇರಿ ಇದ್ದದ್ದು ದಂಡು ಪ್ರದೇಶದ ಮಿಲ್ಲರ್ಸ್ ರಸ್ತೆಯಲ್ಲಿ. ಉಪಗ್ರಹ ಸಂಪರ್ಕದ ಆಂಟೆನಾ ಎತ್ತಿನಗಾಡಿಯ ಮೇಲೆ ಬಂದದ್ದು ನಗರದ ಐಟಿ ಚರಿತ್ರೆಯ ಪ್ರಸಿದ್ಧ ಚಿತ್ರ. ಇಪ್ಪತ್ತು ವರ್ಷಗಳ ನಂತರ, 2005ರ ದೀಪಾವಳಿಗೆ, ಅದೇ ಕಂಪನಿಯ ಎಂಜಿನಿಯರ್ ಫಣೀಂದ್ರ ಸಾಮ ಅವರಿಗೆ ಊರಿಗೆ ಹೋಗಲು ಬಸ್ ಟಿಕೆಟ್ ಸಿಗಲಿಲ್ಲ. ಒಬ್ಬ ಏಜೆಂಟರಿಂದ ಇನ್ನೊಬ್ಬರ ಬಳಿಗೆ ಅಲೆದದ್ದೇ ಬಂತು. ಯಾವ ಬಸ್ಸಿನಲ್ಲಿ ಎಷ್ಟು ಸೀಟು ಖಾಲಿ ಎಂಬ ಲೆಕ್ಕ ಒಂದೇ ಕಡೆ ಯಾರ ಬಳಿಯೂ ಇರಲಿಲ್ಲ.

ಬಿಟ್ಸ್ ಪಿಲಾನಿಯ ಗೆಳೆಯರಾದ ಸುಧಾಕರ್ ಪಸುಪುನೂರಿ ಮತ್ತು ಚರಣ್ ಪದ್ಮರಾಜು ಜೊತೆಗೂಡಿದರು. ಮೂವರದೂ ಎಲೆಕ್ಟ್ರಾನಿಕ್ಸ್ ಓದು. ವೆಬ್‌ಸೈಟ್ ಕಟ್ಟುವುದನ್ನು ಪುಸ್ತಕ ನೋಡಿ ಕಲಿತರು. ಕೆಲಸ ಬಿಡದೆ, ರಜಾದಿನಗಳಲ್ಲಿ ಸಾಫ್ಟ್‌ವೇರ್ ಬರೆದು ಬಸ್ ಮಾಲೀಕರಿಗೆ ಪುಕ್ಕಟೆ ಕೊಡಲು ಹೋದರೆ ಅದು ಅವರಿಗೆ ಬೇಡವಾಗಿತ್ತು. ಮಾಲೀಕರಿಗೆ ಬೇಕಿದ್ದದ್ದು ಸಾಫ್ಟ್‌ವೇರ್ ಅಲ್ಲ, ತುಂಬಿದ ಬಸ್ಸು. ಇದು ಅರ್ಥವಾದ ಮೇಲೆ ಮೂವರೂ ಟಿಕೆಟ್ ಮಾರುವ ಕೆಲಸಕ್ಕೇ ಇಳಿದರು. 2006ರ ಆಗಸ್ಟ್‌ನಲ್ಲಿ ರೆಡ್‌ಬಸ್ ಶುರುವಾಯಿತು. 2013ರಲ್ಲಿ ಐಬಿಬೊ ಸಮೂಹ ಅದನ್ನು ಕೊಂಡಿತು. ಅದು ಶುರುವಾದದ್ದು ಎಲ್ಲರ ಕೈಗೂ ಸ್ಮಾರ್ಟ್‌ಫೋನ್ ಬರುವ ಮುಂಚೆ. ಆದರೆ ಬಿಡುವಿನ ಕೆಲಸವಾಗಿ ಹುಟ್ಟಿದ ಆ ಯೋಜನೆ ಉಳಿದದ್ದು, ಮಾಡಿದವರು ತಮ್ಮ ಮೊದಲ ಯೋಚನೆಯನ್ನು ಕೈಬಿಡಲು ಸಿದ್ಧರಿದ್ದುದರಿಂದ. ಹೆತ್ತವರಿಗೆ ಹೆಗ್ಗಣ ಮುದ್ದು, ಬಸ್ ಮಾಲೀಕರಿಗಲ್ಲ.

ಹನ್ನೆರಡು ಜನ, ಹದಿನಾಲ್ಕು ದಿನ

2023ರ ನವೆಂಬರ್ ನಂತರ ಹೊಸದಾಗಿ ವೈಯಕ್ತಿಕ ಖಾತೆ ತೆರೆದವರಿಗೆ ಗೂಗಲ್ ಒಂದು ಷರತ್ತು ಹಾಕಿತು: ಆಪ್ ಎಲ್ಲರಿಗೂ ಸಿಗುವ ಮುನ್ನ 20 ಜನರ ಪರೀಕ್ಷಾ ತಂಡ ಸತತ 14 ದಿನ ಜೊತೆಗಿರಬೇಕು. ಮರುವರ್ಷ ಆ ಸಂಖ್ಯೆ 12ಕ್ಕೆ ಇಳಿಯಿತು. ಡೆವಲಪರ್‌ಗಳು ಇದನ್ನು ಕಿರಿಕಿರಿ ಎಂದು ಬೈದದ್ದೇ ಹೆಚ್ಚು. ಆಫೀಸಿನ ಗೆಳೆಯರನ್ನೇ ಸೇರಿಸಿ ಲೆಕ್ಕ ತುಂಬಿಸುವವರಿಗೆ ಅದು ಕಿರಿಕಿರಿಯೇ. ಇಂದಿರಾನಗರದ ಕೆಫೆಯಲ್ಲಿ ಕೂತ ಹನ್ನೆರಡು ಟೆಕ್ಕಿಗಳು ‘ಸೂಪರ್ ಮಗಾ’ ಎಂದು ಐದು ಸ್ಟಾರ್ ಕೊಡುತ್ತಾರೆ, ಅಷ್ಟೆ.

ಅದೇ ಆಪನ್ನು ಶಿವಾಜಿನಗರ ಬಸ್ ನಿಲ್ದಾಣಕ್ಕೋ ರಸೆಲ್ ಮಾರ್ಕೆಟ್ಟಿಗೋ ಒಯ್ದು ನೋಡಿ. ಸ್ಟೋರೇಜ್ ಪೂರ್ತಿ ತುಂಬಿದ ಹಳೆಯ ಫೋನು, ಒಡೆದ ಸ್ಕ್ರೀನು, ಬಿಸಿಲಲ್ಲಿ ಕಾಣದ ತಿಳಿಬೂದು ಅಕ್ಷರ. ಹೂ ಮಾರುವವರ ಒಂದು ಕೈಯಲ್ಲಿ ತಕ್ಕಡಿ, ಇನ್ನೊಂದರಲ್ಲಿ ಫೋನು. ಎರಡು ಬೆರಳು ಬೇಕಾಗುವ ಯಾವ ಕಸರತ್ತೂ ಅಲ್ಲಿ ನಡೆಯುವುದಿಲ್ಲ. ಭಾಷೆಯ ಪ್ರಶ್ನೆ ಬೇರೆ. 1809ರಲ್ಲಿ ಹಲಸೂರಿನಲ್ಲಿ ಬ್ರಿಟಿಷರ ದಂಡು ಬಿಡಾರ ಹೂಡಿದಾಗಿನಿಂದ ಈ ಕಡೆಯ ಬೀದಿಗಳು ಹಲವು ಭಾಷೆ ಆಡುತ್ತ ಬಂದಿವೆ. ದಂಡು ಮತ್ತು ಪೇಟೆ 1949ರಲ್ಲಿ ಒಂದೇ ಪಾಲಿಕೆಯಾದರೂ ಕನ್ನಡ, ತಮಿಳು, ಉರ್ದು ಒಂದೇ ಅಂಗಡಿಯ ಕಟ್ಟೆಯ ಮೇಲೆ ಇಂದಿಗೂ ಕೇಳಿಸುತ್ತವೆ.

ಕನ್ನಡ ಹಾಕಿದರೆ ಸಾಕೇ? ಇಂಗ್ಲಿಷಿಗೆಂದು ಅಳೆದ ಬಟನ್ನಿನಲ್ಲಿ ‘ರಾಷ್ಟ್ರ’ ಎಂದು ಬರೆದರೆ ಒತ್ತಕ್ಷರದ ಕಾಲು ಕತ್ತರಿಸಿ ಹೋಗುತ್ತದೆ. ಸಾಲಿನ ಎತ್ತರ ಹೆಚ್ಚಿಸಬೇಕು ಎಂಬುದು ಇಂಗ್ಲಿಷ್ ಸ್ಕ್ರೀನ್ ನೋಡುತ್ತ ಕೂತವನಿಗೆ ಹೊಳೆಯುವುದೇ ಇಲ್ಲ. ಕನ್ನಡ ಓದುವ ಒಬ್ಬರು ಫೋನ್ ಹಿಡಿದ ಮೊದಲ ನಿಮಿಷದಲ್ಲೇ ಹೇಳುತ್ತಾರೆ.

ಆಫರ್ ಲೆಟರ್ ಪೂರ್ತಿ ಓದಿದ್ದೀರಾ?

2022 ಈ ನಗರದ ಟೆಕ್ಕಿಗಳಿಗೆ ‘ಮೂನ್‌ಲೈಟಿಂಗ್’, ಅಂದರೆ ನೌಕರಿಯ ಜೊತೆಗೇ ಹೊರಗಿನ ಕೆಲಸ, ಎಂಬ ಪದ ಕಲಿಸಿತು. ಆ ಆಗಸ್ಟ್‌ನಲ್ಲಿ ಸ್ವಿಗ್ಗಿ, ಕೆಲಸದ ಆಚೆಗಿನ ಯೋಜನೆಗಳಿಗೆ ಒಪ್ಪಿಗೆ ಕೊಡುವ ನೀತಿ ತಂದಿತು. ಸೆಪ್ಟೆಂಬರ್‌ನಲ್ಲಿ ವಿಪ್ರೊ ಅಧ್ಯಕ್ಷ ರಿಷದ್ ಪ್ರೇಮ್‌ಜಿ, ಪ್ರತಿಸ್ಪರ್ಧಿ ಕಂಪನಿಗಳಿಗೂ ದುಡಿಯುತ್ತಿದ್ದ 300 ಮಂದಿಯನ್ನು ತೆಗೆದುಹಾಕಿದ್ದಾಗಿ ಹೇಳಿದರು. ಮೊದಲು ಕಟು ಎಚ್ಚರಿಕೆ ಕೊಟ್ಟಿದ್ದ ಇನ್ಫೊಸಿಸ್, ಅಕ್ಟೋಬರ್‌ನಲ್ಲಿ ಅನುಮತಿ ಪಡೆದು ಹೊರಗಿನ ಕೆಲಸ ಮಾಡಬಹುದು ಎಂದಿತು.

ಸ್ವಂತ ಆಪ್ ಮಾಡುವುದೂ ಇನ್ನೊಂದು ಕಂಪನಿಗೆ ದುಡಿಯುವುದೂ ಒಂದೇ ಅಲ್ಲ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ನೌಕರಿಯ ಭಾಗವಾಗಿ ಬರೆದ ಕೋಡ್ ಮಾಲೀಕರದ್ದು. ಕೆಲವು ನೇಮಕಾತಿ ಪತ್ರಗಳು ಅದಕ್ಕಿಂತಲೂ ಅಗಲವಾಗಿ ಬಲೆ ಬೀಸಿರುತ್ತವೆ. ಆದ್ದರಿಂದ ಕಂಪನಿಯ ಲ್ಯಾಪ್‌ಟಾಪ್, ಕಂಪನಿಯ ಹೊತ್ತು, ಕಂಪನಿಯ ಇಮೇಲ್ ಮೂರನ್ನೂ ಮುಟ್ಟದಿರುವುದು ಲೇಸು. ಎಚ್‌ಆರ್‌ನಿಂದ ಬರಹದಲ್ಲಿ ಒಪ್ಪಿಗೆ ಪಡೆದರೆ ನಿದ್ದೆಯೂ ಚೆನ್ನಾಗಿ ಬರುತ್ತದೆ.

ಕಾಲಡಿಯ ನೆಲ ಸರಿಯುತ್ತದೆ

ಆಪ್ ಮುಗಿಯಿತು ಎಂಬ ದಿನ ಬರುವುದಿಲ್ಲ. ಹೊಸ ಆಂಡ್ರಾಯ್ಡ್ ಬಂದಂತೆಲ್ಲ ಪ್ಲೇ ಸ್ಟೋರ್‌ನ ನಿಯಮಗಳೂ ಬದಲಾಗುತ್ತವೆ. ಅಪ್‌ಡೇಟ್ ಕಾಣದ ಆಪ್ ಹೊಸ ಫೋನ್ ಕೊಂಡವರ ಕಣ್ಣಿಗೆ ಬೀಳುವುದೇ ನಿಲ್ಲುತ್ತದೆ. ಒಬ್ಬರೇ ಈ ಹೊರೆ ಹೊರುವುದೆಂದರೆ ಏನೆಂದು ಕನ್ನಡಿಗರಿಗೆ ಗೊತ್ತಿರಬೇಕು. ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ಕನ್ನಡ ಬರೆಯುವ ತಂತ್ರಾಂಶ ‘ಬರಹ’ ಬಿಡುಗಡೆ ಮಾಡಿದರು. ಅಮೆರಿಕದಲ್ಲಿದ್ದ ಕನ್ನಡಿಗರೂ ಇಂಗ್ಲಿಷ್ ಕೀಲಿಮಣೆಯಲ್ಲಿ ಕನ್ನಡ ಟೈಪ್ ಮಾಡಿದರು. ಆಮೇಲೆ ವಿಂಡೋಸ್ ಮತ್ತೆ ಮತ್ತೆ ಬದಲಾಯಿತು, ಫಾಂಟ್‌ಗಳ ಕಾಲ ಹೋಗಿ ಯೂನಿಕೋಡ್ ಬಂತು. ಪ್ರತಿ ಸಲವೂ ‘ಬರಹ’ ಹಿಂದೆಯೇ ಓಡಬೇಕಾಯಿತು.

ಗೆಲುವೂ ಭಾರವೇ. ಹನೋಯ್‌ನ ಡಾಂಗ್ ಗುಯೆನ್ ಒಬ್ಬನೇ ಮಾಡಿದ ‘ಫ್ಲ್ಯಾಪಿ ಬರ್ಡ್’ ಆಟ 2014ರ ಆರಂಭದಲ್ಲಿ ಜಗತ್ತಿನ ಎಲ್ಲೆಡೆ ಹರಡಿತ್ತು. ಆ ಗದ್ದಲ ತಾಳಲಾರದೆ ಫೆಬ್ರುವರಿಯಲ್ಲಿ ಆತ ಅದನ್ನು ಸ್ಟೋರ್‌ನಿಂದಲೇ ತೆಗೆದುಹಾಕಿದ.

ಬಾಗಿಲು ತೆರೆದಿಟ್ಟವರು

ಹೀಗೆ ಬಾಗಿಲು ಮುಚ್ಚುವುದಕ್ಕೆ ತದ್ವಿರುದ್ಧದ ದಾರಿಯೂ ಇದೆ. ವಿ. ಕೃಷ್ಣ ಅವರು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಒಬ್ಬರೇ ಕನ್ನಡ-ಇಂಗ್ಲಿಷ್ ನಿಘಂಟು ಕಟ್ಟಿದರು: ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳು. ಬೆಂಗಳೂರಿನ ಜೆರೋಧಾ ಕಂಪನಿಯ ತಂತ್ರಜ್ಞ ಕೈಲಾಶ್ ನಾಧ್ ನೆರವಿನಿಂದ 2019ರಲ್ಲಿ ಅದು ‘ಅಲರ್’ ಹೆಸರಿನಲ್ಲಿ ಅಂತರ್ಜಾಲಕ್ಕೆ ಬಂತು. ಪದಗಳ ರಾಶಿಯನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿದ್ದರಿಂದ ಬೇರೆಯವರೂ ಅದನ್ನು ತಮ್ಮ ಆಪ್‌ಗಳಿಗೆ ಬಳಸಬಹುದು. ಕಟ್ಟಿದವರು ದಣಿದರೂ ಕೆಲಸ ನಿಲ್ಲುವುದಿಲ್ಲ.

ಆಪ್ ನಿಮಗೆ ಬಿಡುವಿನ ಕೆಲಸವಿರಬಹುದು. ಸೋಮವಾರ ಬೆಳಿಗ್ಗೆ ಕೆ.ಆರ್. ಪುರದ ಪ್ಲಾಟ್‌ಫಾರ್ಮ್‌ನಲ್ಲಿ ನಿಂತು ಅದನ್ನು ತೆರೆಯುವವರಿಗೆ ಬಿಡುವಿಲ್ಲ. ಅವರಿಗಾಗಿ ನಡೆಸಲು ಆಗದಿದ್ದರೆ ಮೊದಲೇ ತಿಳಿಸಿ, ಅವರ ಮಾಹಿತಿ ಅವರಿಗೆ ಮರಳಿಸಿ, ಕೋಡ್ ಯಾರಿಗಾದರೂ ಒಪ್ಪಿಸಿ ಮುಚ್ಚಿ. ಬಳಸುವವರಲ್ಲೂ ಒಂದು ವಿನಂತಿ: ಒಬ್ಬರೇ ನಡೆಸುವ ಆಪ್ ನಿಮ್ಮ ಫೋನಿನಲ್ಲಿ ಕೈಕೊಟ್ಟರೆ ಒಂದು ಸ್ಟಾರ್ ಒತ್ತಿ ಸುಮ್ಮನಾಗಬೇಡಿ. ಯಾವ ಫೋನು, ಎಲ್ಲಿ ನಿಂತಿತು ಎಂದು ಎರಡು ಸಾಲು ಬರೆಯಿರಿ. ಮುಂದಿನ ಶನಿವಾರ ಅವರು ಕೂರುವುದು ಅದನ್ನು ಓದಿಯೇ.